ಒಂದಕ್ಕೆ ಹೇಳದ ಮಗುವಿಗೆ ಅಂಗನವಾಡಿ ಬಾಗಿಲು ಮುಚ್ಚಬೇಡಿ

‘ನಿಮ್ಮ ಹುಡುಗ ಇನ್ನೂ ಚಡ್ಡ್ಯಾಗ ಮಾಡ್ಕೋತಾನ್ರಿ. ಕಲಿಸಿ, ಆಮ್ಯಾಲೆ ಕರ್ಕೊಂಡ್ ಬರ್ರಿ.’

ಈ ಮಾತು ಕೇಳಿಸಿಕೊಂಡು ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಮನೆಗೆ ವಾಪಸ್ ಬಂದ ತಾಯಂದಿರು ನಿಮ್ಮ ಓಣಿಯಲ್ಲೂ ಇರುತ್ತಾರೆ. ಕೆಲವು ಕಡೆ ಅಂಗನವಾಡಿಯಲ್ಲಿ ಹೇಳುತ್ತಾರೆ, ಕೆಲವು ಕಡೆ ಖಾಸಗಿ ಎಲ್‌ಕೆಜಿಯಲ್ಲಿ ಫೀಸು ಕಟ್ಟಿಸಿಕೊಂಡ ಮೇಲೆ ಹೇಳುತ್ತಾರೆ. ಬೈದು ಹೇಳುವವರು ಕಡಿಮೆ, ನಗುತ್ತಲೇ ಹೇಳುವವರೇ ಹೆಚ್ಚು. ಆದರೆ ಅರ್ಥ ಒಂದೇ: ಈ ಮಗು ನಮಗೆ ಬೇಡ.

ನಾವು ಹೇಳುತ್ತೇವೆ, ಇದು ತಪ್ಪು. ಒಂದಕ್ಕೆ ಎರಡಕ್ಕೆ ಹೇಳುವುದನ್ನು ತಡವಾಗಿ ಕಲಿಯುವ ಮಗು ಏನೂ ತಪ್ಪು ಮಾಡಿಲ್ಲ. ಅದರ ತಾಯಿಯೂ ಮಾಡಿಲ್ಲ. ಆ ಮಗುವನ್ನು ಮನೆಗೆ ಕಳಿಸುವವರು, ಕಳಿಸುವ ಹಾಗೆ ವ್ಯವಸ್ಥೆ ಇಟ್ಟುಕೊಂಡಿರುವ ಪಂಚಾಯಿತಿ, ಇಲಾಖೆಗಳು ತಪ್ಪು ಮಾಡುತ್ತಿವೆ.

‘ಹೇಲು ಉಚ್ಚೆ ಎಲ್ಲಾ ಸುದ್ದಿಯೇನ್ರಿ?’ ಎಂದು ಕೇಳುವವರಿದ್ದಾರೆ. ಹೌದು, ಸುದ್ದಿಯೇ. ಮಗು ಅಂಗನವಾಡಿಗೆ ಹೋಗಲಿಲ್ಲ ಅಂದರೆ ಅಲ್ಲಿ ಸಿಗುವ ಊಟ, ಮೊಟ್ಟೆ, ಹಾಲು ತಪ್ಪಿತು. ಓರಗೆಯ ಮಕ್ಕಳ ಜೊತೆ ಮಾತು ಕಲಿಯುವುದು ತಪ್ಪಿತು. ತಾಯಿಯ ಕೂಲಿಯೂ ತಪ್ಪಿತು. ‘ಬಂದು ತೊಳೆದು ಹೋಗ್ರಿ’ ಎಂದು ದಿನಕ್ಕೆ ಎರಡು ಸಲ ಫೋನ್ ಮಾಡಿಸಿಕೊಳ್ಳುವ ಹೆಂಗಸು ಯಾವ ಹೊಲದಲ್ಲಿ ಕಳೆ ತೆಗೆಯಬೇಕು? ಒಂದು ವಾರ ನೋಡಿ ಮೇಸ್ತ್ರಿ ಆಕೆಯನ್ನು ಕರೆಯುವುದನ್ನೇ ಬಿಡುತ್ತಾನೆ.

ಯಾವ ವಯಸ್ಸಿಗೆ ಬರಬೇಕು?

ಹೆಚ್ಚಿನ ಮಕ್ಕಳು ಎರಡರಿಂದ ನಾಲ್ಕು ವರ್ಷದ ಒಳಗೆ ಹಗಲು ಹೊತ್ತು ಹೇಳಿ ಹೋಗುವುದನ್ನು ಕಲಿಯುತ್ತವೆ. ಎರಡಕ್ಕೂ ನಾಲ್ಕಕ್ಕೂ ಮಧ್ಯೆ ಎಷ್ಟು ಅಂತರ ಇದೆ ನೋಡಿ. ಪಕ್ಕದ ಮನೆಯ ಹುಡುಗಿ ಎರಡಕ್ಕೇ ಕಲಿತಳು, ನಿಮ್ಮ ಹುಡುಗ ಮೂರೂವರೆಗೂ ಕಲಿತಿಲ್ಲ ಅಂದರೆ ಇಬ್ಬರೂ ಸರಿಯಾಗಿಯೇ ಇದ್ದಾರೆ. ರಾತ್ರಿಯದಂತೂ ಬೇರೆಯೇ ಲೆಕ್ಕ. ಐದು ವರ್ಷ ತುಂಬುವ ಮೊದಲು ಹಾಸಿಗೆ ಒದ್ದೆ ಮಾಡುವುದನ್ನು ವೈದ್ಯರು ಕಾಯಿಲೆ ಎಂದೇ ಕರೆಯುವುದಿಲ್ಲ.

ಇನ್ನು ಕೆಲವು ಮಕ್ಕಳಿಗೆ ನಾಲ್ಕು ದಾಟಿದರೂ ಬರುವುದಿಲ್ಲ. ಮಾತು ತಡವಾದ ಮಕ್ಕಳು, ಡೌನ್ ಸಿಂಡ್ರೋಮ್ ಇರುವವರು, ಆಟಿಸಂ ಇರುವವರು, ಸೆರೆಬ್ರಲ್ ಪಾಲ್ಸಿಯಿಂದ ಕೈಕಾಲು ಹಿಡಿತಕ್ಕೆ ಸಿಗದವರು. ಹೊಟ್ಟೆಯೊಳಗೆ ಒತ್ತಡ ಆಗುತ್ತಿದೆ ಎಂದು ಗೊತ್ತಾಗಬೇಕು, ತಡೆದುಕೊಳ್ಳಬೇಕು, ಯಾರಿಗಾದರೂ ಹೇಳಬೇಕು, ನಡೆದು ಹೋಗಬೇಕು, ಚಡ್ಡಿ ಇಳಿಸಬೇಕು, ಕೂರಬೇಕು. ದೊಡ್ಡವರಿಗೆ ಒಂದೇ ಕೆಲಸ ಅನ್ನಿಸುವುದು ಮಗುವಿಗೆ ಆರು ಕೆಲಸ. ಇದರಲ್ಲಿ ಒಂದು ಮೆಟ್ಟಿಲು ತಪ್ಪಿದರೂ ಚಡ್ಡಿ ಒದ್ದೆ. ಅದಕ್ಕೆ ‘ದಡ್ಡ’, ‘ಮೊಂಡ’, ‘ಸೋಮಾರಿ’ ಎಂದು ಹೆಸರಿಡುವುದು ನಮ್ಮ ಅವಸರ, ಅಷ್ಟೇ.

‘ನಮ್ಮ ಕಾಲದಾಗ ಪ್ಯಾಂಪರ್ಸ್ ಎಲ್ಲಿತ್ತು?’

ಕಂಪನಿ ಯಾವುದೇ ಇರಲಿ, ಊರಲ್ಲಿ ಎಲ್ಲ ಡೈಪರ್‌ಗೂ ಇದೇ ಹೆಸರು. ಹಿರಿಯರ ವಾದವೂ ಇದೇ: ಪ್ಯಾಂಪರ್ಸ್ ಹಾಕಿ ಹಾಕಿ ಮಕ್ಕಳು ಕೆಟ್ಟವು, ಇವತ್ತಿನ ತಾಯಂದಿರಿಗೆ ಬಟ್ಟೆ ಒಗೆಯಲು ಮೈಗಳ್ಳತನ.

ಹಿರಿಯರ ಮಾತಲ್ಲಿ ಒಂದಿಷ್ಟು ನಿಜ ಇದೆ, ಇಲ್ಲ ಅನ್ನುವುದಿಲ್ಲ. ಎಳೆಗೂಸನ್ನು ಎರಡು ಪಾದಗಳ ಮೇಲೆ ಕೂರಿಸಿಕೊಂಡು ‘ಸ್ಸ್ಸ್’ ಎಂದು ಸದ್ದು ಮಾಡಿ ರೂಢಿ ಮಾಡಿಸುವ ಅಜ್ಜಿಯರ ವಿದ್ಯೆ ದೊಡ್ಡದು. ಈಗಿನ ಡೈಪರ್ ನೀರನ್ನೆಲ್ಲ ಹೀರಿಕೊಂಡು ಮಗುವಿಗೆ ಒದ್ದೆಯೇ ತಿಳಿಯದ ಹಾಗೆ ಮಾಡುತ್ತದೆ ಎನ್ನುವುದೂ ನಿಜ.

ಆದರೆ ಆ ಕಾಲದಲ್ಲಿ ಮತ್ತೇನಿತ್ತು ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮನೆಯಲ್ಲಿ ಮೂರು ನಾಲ್ಕು ಹೆಂಗಸರಿದ್ದರು. ಹಿತ್ತಲಿತ್ತು, ತಿಪ್ಪೆ ಇತ್ತು. ಮಗು ಉಡದಾರ ಒಂದರಲ್ಲೇ ನಾಲ್ಕು ವರ್ಷದವರೆಗೆ ಓಡಾಡಿಕೊಂಡಿರುತ್ತಿತ್ತು, ಅವಸರವಾದರೆ ನಿಂತಲ್ಲೇ ಕೂರುತ್ತಿತ್ತು. ಮೂರು ವರ್ಷಕ್ಕೆ ಟೈ ಕಟ್ಟಿಸಿ ವ್ಯಾನ್ ಹತ್ತಿಸುತ್ತಿರಲಿಲ್ಲ. ತಡವಾಗಿ ಕಲಿಯುವ ಮಕ್ಕಳು ಆಗಲೂ ಇದ್ದವು. ಅವನ್ನು ಯಾರೂ ಎಣಿಸುತ್ತಿರಲಿಲ್ಲ, ಯಾಕೆಂದರೆ ಅವು ಶಾಲೆಗೇ ಹೋಗುತ್ತಿರಲಿಲ್ಲ.

ಇವತ್ತು ಸೊಸೆ ಒಬ್ಬಳೇ. ಬೆಳಿಗ್ಗೆ ಎಂಟಕ್ಕೆ ಕೂಲಿಗೋ ಗಾರ್ಮೆಂಟ್ಸ್‌ಗೋ ಹೋಗಬೇಕು. ನಲ್ಲಿಯಲ್ಲಿ ನೀರು ಬರುವುದು ಎರಡು ದಿನಕ್ಕೊಮ್ಮೆ. ಆಕೆ ಡೈಪರ್ ಹಾಕಿದರೆ ಅದಕ್ಕೆ ಮೈಗಳ್ಳತನ ಅನ್ನಬೇಡಿ.

ಅದು ಪುಕ್ಕಟೆಯೂ ಅಲ್ಲ. ದೊಡ್ಡ ಅಳತೆಯ ಡೈಪರ್ ಒಂದಕ್ಕೆ ಹತ್ತು ರೂಪಾಯಿ ಅಂತಲೇ ಹಿಡಿಯಿರಿ. ದಿನಕ್ಕೆ ನಾಲ್ಕಾದರೆ ತಿಂಗಳಿಗೆ 1,200 ರೂಪಾಯಿ. ಸ್ಯಾನಿಟರಿ ಪ್ಯಾಡ್‌ಗೆ 2018ರ ಜುಲೈನಿಂದಲೇ ಜಿಎಸ್‌ಟಿ ಇಲ್ಲ. ಅದು ಹೋರಾಟದಿಂದ ಸಿಕ್ಕಿದ್ದು. ಡೈಪರ್ ಮೇಲೆ ಶೇ. 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿದಿದೆ, ಸೊನ್ನೆ ಆಗಿಲ್ಲ. ಅಂಗವಿಕಲ ಮಗುವಿನ ಡೈಪರ್ ಮೇಲೂ ತೆರಿಗೆ ಯಾಕೆ ಎಂದು ಕೇಳುವ ಒಬ್ಬ ಜನಪ್ರತಿನಿಧಿಯೂ ನಮಗೆ ಸಿಕ್ಕಿಲ್ಲ.

ಬಳಸಿದ ಡೈಪರ್‌ಗಳು ಹಳ್ಳದ ಬದಿಯಲ್ಲಿ ಬಿದ್ದು ನಾಯಿಗಳು ಎಳೆದಾಡುವುದನ್ನು ಎಲ್ಲರೂ ನೋಡುತ್ತೇವೆ. ಬೈಗುಳ ಮಾತ್ರ ತಾಯಿಗೆ. 2016ರ ಘನತ್ಯಾಜ್ಯ ನಿರ್ವಹಣೆ ನಿಯಮದಲ್ಲಿ ಡೈಪರ್ ಮಾಡುವ ಕಂಪನಿಗಳು ಅದನ್ನು ಸುತ್ತಿ ಎಸೆಯಲು ಚೀಲ ಅಥವಾ ಕವರ್ ಕೊಡಬೇಕು ಎಂದು ಬರೆದಿತ್ತು. ನಿಮ್ಮೂರ ಅಂಗಡಿಯ ಪ್ಯಾಕೆಟ್ ಬಿಚ್ಚಿ ನೋಡಿ, ಅದರಲ್ಲಿ ಕವರ್ ಇದೆಯೇ? ಪಂಚಾಯಿತಿಯ ಕಸದ ಗಾಡಿ ಅದನ್ನು ಬೇರೆಯಾಗಿ ತೆಗೆದುಕೊಳ್ಳುತ್ತದೆಯೇ? ಕೇಳಬೇಕಾದದ್ದು ಇವರನ್ನು.

ಬರೆ ಹಾಕುವುದು ಬುದ್ಧಿ ಕಲಿಸುವುದಲ್ಲ

ಹಾಸಿಗೆ ಒದ್ದೆ ಮಾಡಿದ್ದಕ್ಕೆ ತೊಡೆಗೆ ಬರೆ ಎಳೆಯುವ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಖಾರದ ಪುಡಿ ತೋರಿಸಿ ಹೆದರಿಸುವುದು, ಒದ್ದೆ ಚಡ್ಡಿಯನ್ನು ಎಲ್ಲರೆದುರು ತಲೆಗೆ ಹಾಕಿ ನಗುವುದು ಕೂಡ ಇದೆ. ಇದಕ್ಕೆ ‘ಮದ್ದು’ ಎಂದು ಹೆಸರು.

ನೇರವಾಗಿ ಹೇಳುತ್ತೇವೆ: ಇದು ಅಪರಾಧ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ ಮಗುವಿನ ಜವಾಬ್ದಾರಿ ಹೊತ್ತವರು ಅದಕ್ಕೆ ಹಿಂಸೆ ಕೊಟ್ಟರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಕಣ್ಣಿಗೆ ಬಿದ್ದರೆ 1098ಕ್ಕೆ ಫೋನ್ ಮಾಡಿ.

ಕಾನೂನಿನ ಮಾತು ಪಕ್ಕಕ್ಕಿಡೋಣ. ಹೆದರಿದ ಮಗು ಏನು ಮಾಡುತ್ತದೆ? ಎರಡಕ್ಕೆ ಹೋಗುವುದನ್ನು ತಡೆದುಕೊಳ್ಳುತ್ತದೆ. ತಡೆದಷ್ಟೂ ಮಲ ಗಟ್ಟಿಯಾಗುತ್ತದೆ, ಹೋಗುವಾಗ ನೋಯುತ್ತದೆ, ನೋಯುವುದಕ್ಕೆ ಇನ್ನಷ್ಟು ತಡೆಯುತ್ತದೆ. ಕೊನೆಗೆ ಒಳಗೆ ಗಟ್ಟಿ ಮಲ ತುಂಬಿ, ಅದರ ಬದಿಯಿಂದ ತೆಳ್ಳಗಿನದು ತಾನಾಗಿಯೇ ಸೋರಿ ಚಡ್ಡಿಗೆ ಹತ್ತುತ್ತದೆ. ಮಗುವಿಗೆ ಅದು ಗೊತ್ತೂ ಆಗುವುದಿಲ್ಲ. ಮನೆಯವರು ‘ಭೇದಿ’ ಎಂದುಕೊಳ್ಳುತ್ತಾರೆ, ಅಥವಾ ‘ಬೇಕಂತಲೇ ಮಾಡ್ತಾನೆ’ ಎಂದು ಮತ್ತೆ ಹೊಡೆಯುತ್ತಾರೆ. ಅಸಲಿಗೆ ಅದು ಮಲಬದ್ಧತೆ. ಔಷಧಿಯಿಂದ, ನೀರು ಸೊಪ್ಪು ಹಣ್ಣುಗಳಿಂದ ಸರಿಹೋಗುವಂಥದ್ದು. ಹೊಡೆತದಿಂದ ಹೆಚ್ಚಾಗುವಂಥದ್ದು.

ಟೀಚರ್ ಕಷ್ಟ ನಮಗೆ ಗೊತ್ತು

ಅಂಗನವಾಡಿ ಟೀಚರ್ ಓದುತ್ತಿದ್ದರೆ ಸಿಟ್ಟಾಗಬೇಡಿ. ನಿಮ್ಮ ಜಗಳವನ್ನೇ ನಾವು ಆಡುತ್ತಿದ್ದೇವೆ.

1975ರ ಅಕ್ಟೋಬರ್ 2ರಂದು ಐಸಿಡಿಎಸ್ ಶುರುವಾದಾಗ ರಾಜ್ಯದಲ್ಲಿ ಅದು ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅರ್ಧ ಶತಮಾನ ಕಳೆಯಿತು. ಇವತ್ತಿಗೂ ಒಂದು ಕೇಂದ್ರಕ್ಕೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಕಾರ್ಯಕರ್ತೆ ಮಕ್ಕಳಿಗೆ ಹಾಡು ಹೇಳಿಕೊಡಬೇಕು, ತೂಕ ನೋಡಬೇಕು, ಗರ್ಭಿಣಿಯರ ಮನೆಗೆ ಹೋಗಬೇಕು, ಪೋಷಣ್ ಟ್ರ್ಯಾಕರ್‌ನಲ್ಲಿ ಎಲ್ಲವನ್ನೂ ಅಪ್‌ಲೋಡ್ ಮಾಡಬೇಕು. ಸಹಾಯಕಿ ಅಡುಗೆ ಮಾಡಬೇಕು, ಕಸ ಗುಡಿಸಬೇಕು. ಇಬ್ಬರಿಗೂ ಸಿಗುವುದು ಸಂಬಳ ಅಲ್ಲ, ‘ಗೌರವಧನ’. ಅನ್ನಕ್ಕೆ ಇಡುವ ಕೈಯಲ್ಲೇ ಮಗುವನ್ನು ತೊಳೆಯಬೇಕು, ಕೈ ತೊಳೆಯಲು ಮಾತ್ರ ನೀರಿಲ್ಲ ಅಂದರೆ ಆಕೆ ಬೇಡ ಅನ್ನುವುದು ಸಹಜ.

ಶೌಚಾಲಯದ ಕಥೆಯೂ ಹಾಗೇ. 2019ರ ಅಕ್ಟೋಬರ್ 2ರಂದು ದೇಶದ ಹಳ್ಳಿಗಳೆಲ್ಲ ಬಯಲು ಬಹಿರ್ದೆಸೆ ಮುಕ್ತ ಎಂದು ಘೋಷಣೆ ಆಯಿತು. ಮನೆಗೆ 12,000 ರೂಪಾಯಿ ಕೊಟ್ಟು ಕಟ್ಟಿಸಿದ ಕೋಣೆಗಳಲ್ಲಿ ಎಷ್ಟೋ ಕಡೆ ಈಗ ಕಟ್ಟಿಗೆ, ಹೊಟ್ಟಿನ ಚೀಲ ತುಂಬಿವೆ. ಉಪಯೋಗದಲ್ಲಿರುವ ಕಡೆಯೂ ಅದು ದೊಡ್ಡವರ ಅಳತೆಯದು. ಕತ್ತಲೆ ಕೋಣೆ, ದೊಡ್ಡ ಗುಂಡಿ, ಎರಡೂ ಕಡೆ ಕಾಲು ನಿಲುಕುವುದಿಲ್ಲ. ಮೂರು ವರ್ಷದ ಮಗು ಅಲ್ಲಿ ಕೂರಲು ಹೆದರುವುದು ಮೊಂಡುತನವೇ? ನಮ್ಮನ್ನು ಬಾವಿಯ ಬಾಯಿಯ ಮೇಲೆ ಕಾಲು ಅಗಲಿಸಿ ಕೂರಿಸಿದರೆ ನಾವು ಸುಮ್ಮನೆ ಕೂರುತ್ತೇವೆಯೇ?

‘ಕಲಿಸಿ ಕರ್ಕೊಂಡ್ ಬರ್ರಿ’ ಎನ್ನುವ ಮೊದಲು ಕಲಿಯಲು ಜಾಗ ಮಾಡಿಕೊಡಿ.

ಕಾನೂನು ಯಾರ ಕಡೆ ಇದೆ?

ಮಗುವಿನ ಕಡೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಂ, ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳಲ್ಲಿ ಅಂಗವಿಕಲ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಆ ಮಗುವಿಗೆ ತಕ್ಕ ಅನುಕೂಲ ಮಾಡಿಕೊಡಬೇಕು ಎನ್ನುತ್ತದೆ. 2023ರ ನವೆಂಬರ್‌ನಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಅಂಗವಿಕಲ ಮಕ್ಕಳಿಗಾಗಿಯೇ ಅಂಗನವಾಡಿ ಪ್ರೋಟೋಕಾಲ್ ಹೊರಡಿಸಿದೆ. ಮಗುವಿನ ಬೆಳವಣಿಗೆ ತಡವಾಗಿದ್ದರೆ ಬೇಗ ಗುರುತಿಸಬೇಕು, ಅಂಗನವಾಡಿಯಲ್ಲೇ ಸೇರಿಸಿಕೊಂಡು ಕಲಿಸಬೇಕು ಎನ್ನುವುದು ಅದರ ಉದ್ದೇಶ.

2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಬೆಳವಣಿಗೆಯಲ್ಲಿ ಹಿಂದಿರುವ ಮಕ್ಕಳನ್ನು ಜಿಲ್ಲಾ ಮಟ್ಟದ ಆರಂಭಿಕ ಪತ್ತೆ ಕೇಂದ್ರಕ್ಕೆ ಕಳಿಸಬೇಕು. ಈಗ ಮೋಸ ಎಲ್ಲಿದೆ ನೋಡಿ. ನಿಧಾನ ಇರುವ ಮಗುವನ್ನು ‘ಕಲಿಸಿ ಕರ್ಕೊಂಡ್ ಬರ್ರಿ’ ಎಂದು ಮನೆಗೆ ಕಳಿಸಿದರೆ ಡಾಕ್ಟರ್ ಬಂದ ದಿನ ಆ ಮಗು ಅಲ್ಲಿರುವುದಿಲ್ಲ. ಯಾರಿಗಾಗಿ ಗಾಡಿ ಬಂತೋ ಅವರನ್ನು ಬಿಟ್ಟು ಉಳಿದವರನ್ನೆಲ್ಲ ಪರೀಕ್ಷೆ ಮಾಡಿ ಗಾಡಿ ವಾಪಸ್ ಹೋಗುತ್ತದೆ.

ಮನೆಯಲ್ಲೂ ಕೇಂದ್ರದಲ್ಲೂ ಒಂದೇ ಪಾಠ

ತಾಯಿ ಒಬ್ಬಳೇ ಕಲಿಸಿ ತರುವ ವಿದ್ಯೆ ಇದಲ್ಲ. ಮನೆ ಮತ್ತು ಅಂಗನವಾಡಿ ಎರಡೂ ಒಂದೇ ರೀತಿ ಮಾಡಿದರೆ ನಿಧಾನದ ಮಗುವೂ ಕಲಿಯುತ್ತದೆ.

ಉಂಡ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ. ಆದ್ದರಿಂದ ಊಟವಾಗಿ ಕಾಲು ಗಂಟೆ, ಅರ್ಧ ಗಂಟೆಯೊಳಗೆ ಕೂರಿಸಿ. ಐದು ನಿಮಿಷ ಸಾಕು, ಬರದಿದ್ದರೆ ಎಬ್ಬಿಸಿ, ಬೈಯಬೇಡಿ. ಪಾಟಿ ಕುರ್ಚಿಯಾದರೆ ಪಾದ ನೆಲಕ್ಕೋ ಮಣೆಗೋ ಊರಿರಲಿ. ಗುಂಡಿ ಬಿಡಿಸುವ ಚಡ್ಡಿ ಬೇಡ, ಎಲಾಸ್ಟಿಕ್ ಚಡ್ಡಿ ಹಾಕಿ. ಮನೆಯಲ್ಲಿ ‘ಕಕ್ಕ’ ಅಂದರೆ ಅಂಗನವಾಡಿಯಲ್ಲೂ ‘ಕಕ್ಕ’ ಅಂತಲೇ ಅನ್ನಲಿ. ಮಾತು ಬಾರದ ಮಗುವಿಗೆ ಒಂದು ಕೈಸನ್ನೆ ಅಥವಾ ಚಿತ್ರ ತೋರಿಸಿ ರೂಢಿ ಮಾಡಿ. ಎರಡು ಗಂಟೆ ಚಡ್ಡಿ ಒಣಗಿರುತ್ತದೆ ಅಂದರೆ ಮಗು ತಯಾರಾಗುತ್ತಿದೆ ಎಂದು ಅರ್ಥ. ಆಗ ಹಗಲಲ್ಲಿ ಡೈಪರ್ ಬಿಡಿಸಿ. ದೂರದ ಪ್ರಯಾಣಕ್ಕೆ, ರಾತ್ರಿಗೆ ಹಾಕಿದರೆ ತಪ್ಪೇನಿಲ್ಲ. ಹಾಕಿದ್ದನ್ನು ಮೂರು ನಾಲ್ಕು ಗಂಟೆಗೊಮ್ಮೆ ನೋಡಿ ಬದಲಿಸಿ, ಹೊಲಸಾದ ಕೂಡಲೇ ತೆಗೆಯಿರಿ. ಚೀಲದಲ್ಲಿ ಎರಡು ಚಡ್ಡಿ, ಒಂದು ಹಳೆ ಬಟ್ಟೆ ಇರಲಿ.

ಇಷ್ಟು ಗುರುತುಗಳಿದ್ದರೆ ಮಾತ್ರ ಕಾಯದೆ ಡಾಕ್ಟರಿಗೆ ತೋರಿಸಿ: ಮೂತ್ರ ಸದಾ ತೊಟ್ಟಿಕ್ಕುತ್ತಿರುವುದು, ಗಂಡು ಮಗುವಿನ ಧಾರೆ ತೀರಾ ಸಣ್ಣದಿರುವುದು, ಉರಿ ಅಥವಾ ಜ್ವರ, ಮಲ ಕಲ್ಲಿನಂತಾಗಿ ರಕ್ತ ಬರುವುದು, ಕಾಲಲ್ಲಿ ಬಲ ಇಲ್ಲದಿರುವುದು, ಕಲಿತಿದ್ದ ಮಗು ಇದ್ದಕ್ಕಿದ್ದಂತೆ ಮತ್ತೆ ಒದ್ದೆ ಮಾಡುವುದು. ಅದರ ಜೊತೆಗೆ ಬಾಯಾರಿಕೆ ಹೆಚ್ಚಿ ಮೈ ಇಳಿದರೆ ಸಕ್ಕರೆ ಕಾಯಿಲೆ ಇರಬಹುದು, ಅವತ್ತೇ ಹೋಗಿ. ನಾಲ್ಕು ದಾಟಿಯೂ ಹಗಲಲ್ಲಿ ಹಿಡಿತ ಬಂದಿಲ್ಲ ಅಂದರೂ ಒಮ್ಮೆ ತೋರಿಸುವುದು ಒಳ್ಳೆಯದು.

ಗ್ರಾಮಸಭೆಯಲ್ಲಿ ಕೇಳಿ

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಎಲ್ಲ ಮುಗಿದ ಮೇಲೆ ಒಬ್ಬರಾದರೂ ಎದ್ದು ನಿಂತು ನಾಲ್ಕು ಪ್ರಶ್ನೆ ಕೇಳಿ.

ನಮ್ಮ ಅಂಗನವಾಡಿಯಲ್ಲಿ ಮಕ್ಕಳ ಅಳತೆಯ ಶೌಚಾಲಯ ಇದೆಯೇ, ಅದರಲ್ಲಿ ನೀರು ಬರುತ್ತದೆಯೇ?

ಅಡುಗೆ ಮಾಡುವ ಸಹಾಯಕಿಯ ಮೇಲೆಯೇ ಮಕ್ಕಳನ್ನು ತೊಳೆಯುವ ಕೆಲಸವನ್ನೂ ಹೇರುವುದು ಯಾವಾಗ ನಿಲ್ಲುತ್ತದೆ?

ಪಂಚಾಯಿತಿಯ ಅಂಗವಿಕಲರ ನಿಧಿಯಲ್ಲಿ ಇಂಥ ಮಕ್ಕಳಿಗೆ ಪಾಟಿ ಕುರ್ಚಿ, ಡೈಪರ್ ಕೊಡಿಸಲು ಏನು ಅಡ್ಡಿ? ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂಥ ಮನೆಗಳಿಗೆ ಹೋಗಿದ್ದಾರೆಯೇ?

ಈ ವರ್ಷ ‘ಕಲಿಸಿ ಕರ್ಕೊಂಡ್ ಬರ್ರಿ’ ಎಂದು ಎಷ್ಟು ಮಕ್ಕಳನ್ನು ವಾಪಸ್ ಕಳಿಸಿದ್ದೀರಿ?

ಕೊನೆಯ ಪ್ರಶ್ನೆಗೆ ಉತ್ತರವನ್ನು ಪಿಡಿಒ ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೆ ಕೂರಬೇಡಿ. ನಗುವವರು ನಗಲಿ. ಸಭೆಯ ಹಿಂದಿನ ಸಾಲಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತ ತಾಯಿ ಒಬ್ಬಳಾದರೂ ಇರುತ್ತಾಳೆ. ಆಕೆ ಎದ್ದು ಕೇಳಲಾರಳು, ಅವಳ ಪರವಾಗಿ ನೀವು ಕೇಳಿ.