ಗೊರಕೆ ಸುಖನಿದ್ರೆಯ ಲಕ್ಷಣವಲ್ಲ

ಒಬ್ಬ ಮನುಷ್ಯ ಸುಖವಾಗಿದ್ದಾನೆ ಎಂದು ಹೇಳುವುದಕ್ಕೆ ನಮ್ಮ ಭಾಗದ ಜನ ಎರಡು ಗುರುತುಗಳನ್ನು ತೋರಿಸುತ್ತಾರೆ. ಒಂದು, ಗಂಗಾಳದಲ್ಲಿ ರೊಟ್ಟಿ ಉಳಿಸದೆ ಉಣ್ಣುವುದು. ಇನ್ನೊಂದು, ದಿಂಬಿಗೆ ತಲೆ ಇಟ್ಟ ಕೂಡಲೇ ಗೊರಕೆ ಹೊಡೆಯುವುದು. "ಪುಣ್ಯವಂತ ನೋಡ್ರಿ, ಮಲಗಿದ್ರ ಸಾಕು, ಲೋಕದ ಖಬರಿಲ್ಲ" ಎಂದು ಮೆಚ್ಚಿಕೊಳ್ಳುತ್ತಾರೆ. ಅದೇ ಮನುಷ್ಯ ಒಂದು ದಿನ ಬೆಳಗಿನ ಜಾವ ಏಳದೇ ಹೋದರೆ, "ನಿದ್ದ್ಯಾಗ ಹೋದ, ಹಾಸಿಗಿ ಹಿಡೀಲಿಲ್ಲ, ಯಾರಿಗೂ ತ್ರಾಸ ಕೊಡ್ಲಿಲ್ಲ" ಎಂದು ಆ ಸಾವನ್ನೂ ಮೆಚ್ಚುತ್ತಾರೆ. ಈ ಎರಡು ಮೆಚ್ಚುಗೆಗಳ ನಡುವೆ ಕೆಲವರ ಪಾಲಿಗಾದರೂ ಸಂಬಂಧ ಇರಬಹುದು ಎಂಬ ವಿಚಾರ ನಮ್ಮಲ್ಲಿ ಬಹಳ ಜನರಿಗೆ ಹೊಳೆದಿಲ್ಲ. ಅದನ್ನೇ ಇಲ್ಲಿ ಬರೆಯಬೇಕೆಂದಿದ್ದೇನೆ.

ಬರೆಯಲು ಕಾರಣವೂ ಉಂಟು. ನಮ್ಮ ಬಂಧುವೊಬ್ಬರು, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿಯೂ ಆಗಿದ್ದವರು, ಲಾರಿ ಓಡಿಸುತ್ತಾರೆ. ವೈದ್ಯರು ಬರೆದುಕೊಟ್ಟ ಉಸಿರಾಟದ ಯಂತ್ರವನ್ನು ಹನ್ನೊಂದು ದಿನ ಬಳಸಿ ಅಟ್ಟಕ್ಕೆ ಏರಿಸಿಬಿಟ್ಟಿದ್ದಾರೆ. ಕೇಳಿದರೆ, "ಮಾರಿಗಿ ಆ ಪೈಪ್ ಕಟ್ಕೊಂಡು ಮಲಗಾಕ ನಾಚಿಕಿ ಬರ್ತದ್ರಿ ಸರ್" ಎಂದರು. ಅವರ ಹೆಸರನ್ನು ಬರೆಯುವುದಿಲ್ಲ. ಈ ಪುಟವನ್ನು ಅವರೂ ಓದುತ್ತಾರೆ, ತಿಳಿದುಕೊಳ್ಳುತ್ತಾರೆ.

ಕಾಯಿಲೆಯ ಹೆಸರು ಸ್ಲೀಪ್ ಅಪ್ನಿಯಾ. ಅಪ್ನಿಯಾ ಎಂದರೆ ಗ್ರೀಕ್ ಭಾಷೆಯಲ್ಲಿ ಉಸಿರಿಲ್ಲದಿರುವುದು. ನಿದ್ರೆ ಬಂದಾಗ ದೇಹದ ಇತರ ಸ್ನಾಯುಗಳಂತೆ ಗಂಟಲಿನ ಸ್ನಾಯುಗಳೂ ಸಡಿಲಾಗುತ್ತವೆ, ನಾಲಿಗೆಯ ಬುಡ ಹಿಂದಕ್ಕೆ ಜರಿಯುತ್ತದೆ. ನಮ್ಮ ಕಾಲುವೆ ಪ್ರದೇಶದ ರೈತರಿಗೆ ಇದನ್ನು ವಿವರಿಸುವುದು ಸುಲಭ. ಪಂಪ್‌ಸೆಟ್ಟಿಗೆ ಜೋಡಿಸುವ, ಸುತ್ತಿ ಇಡಲು ಬರುವ ಮೆತ್ತನೆಯ ಪ್ಲಾಸ್ಟಿಕ್ ಪೈಪನ್ನು ನೆನೆಯಿರಿ. ಒಳಗೆ ನೀರು ನುಗ್ಗುತ್ತಿರುವಾಗ ಅದು ದುಂಡಗೆ ನಿಲ್ಲುತ್ತದೆ, ಮೋಟಾರು ನಿಂತರೆ ಚಪ್ಪಟೆಯಾಗಿ ಬೀಳುತ್ತದೆ. ಗಂಟಲೂ ಅಂಥದೇ ಒಂದು ಮೆತ್ತನೆಯ ನಳಿಕೆ. ಅರ್ಧ ಮುಚ್ಚಿದಾಗ ಅದರ ಗೋಡೆಗಳು ಪಟಪಟ ಅದುರುವ ಸದ್ದೇ ಗೊರಕೆ. ಪೂರ್ತಿ ಮುಚ್ಚಿದಾಗ ಸದ್ದೂ ಇಲ್ಲ, ಉಸಿರೂ ಇಲ್ಲ. ಎದೆ ಮಾತ್ರ ಗಾಳಿ ಎಳೆಯಲು ಹೆಣಗುತ್ತಿರುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮೆದುಳು ಗಾಬರಿಯಿಂದ ಎಚ್ಚರಿಸುತ್ತದೆ, ಮನುಷ್ಯ ದೊಡ್ಡದಾಗಿ ಉಸಿರೆಳೆದುಕೊಂಡು ಮತ್ತೆ ಜಾರುತ್ತಾನೆ. ಬೆಳಗ್ಗೆ ಅವನಿಗೆ ಇದಾವುದರ ನೆನಪೂ ಇರುವುದಿಲ್ಲ. ನೆನಪಿರುವುದು ಪಕ್ಕದಲ್ಲಿ ಮಲಗಿದವರಿಗೆ.

ನಮ್ಮ ಮನೆಯಲ್ಲಿ ಹಾಗೆಯೇ ಆಯಿತು. ನನ್ನ ಉಸಿರು ನಿಂತದ್ದನ್ನು ಕೇಳಿ ಎಣಿಸುತ್ತಿದ್ದವರು ನಮ್ಮ ಮನೆಯವರು. ಕತ್ತಲಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತ, ಮೂವತ್ತಕ್ಕೆ ಬಂದರೆ ನನ್ನ ಭುಜ ಅಲುಗಾಡಿಸಬೇಕೆಂದು ತಮಗೆ ತಾವೇ ಒಂದು ನಿಯಮ ಮಾಡಿಕೊಂಡಿದ್ದರು. ಎಷ್ಟು ವರ್ಷ ಹೀಗೆ ನಡೆಯಿತೆಂದು ನನಗೆ ಹೇಳಿರಲಿಲ್ಲ. ಕಲಬುರಗಿಯಲ್ಲಿ ವೈದ್ಯರ ಎದುರು ಕುಳಿತಾಗ ಮೊದಲ ಬಾರಿ ಹೇಳಿದರು. ಗೊರಕೆಯ ವಿಷಯದಲ್ಲಿ ನಮ್ಮ ಹಾಸ್ಯವೆಲ್ಲ ಗೊರಕೆ ಹೊಡೆಯುವವನ ಮೇಲೆ. ಎಚ್ಚರಿರುವ ಹೆಂಗಸಿನ ಕಡೆಗೆ ಯಾರೂ ನೋಡುವುದಿಲ್ಲ.

ನಗುವುದು ನಮ್ಮಲ್ಲಿ ಮಾತ್ರವೂ ಅಲ್ಲ. ಚಾರ್ಲ್ಸ್ ಡಿಕನ್ಸ್ 1836–37ರಲ್ಲಿ ಕಂತುಕಂತಾಗಿ ಪ್ರಕಟಿಸಿದ 'ಪಿಕ್ವಿಕ್ ಪೇಪರ್ಸ್' ಕಾದಂಬರಿಯಲ್ಲಿ ಜೋ ಎಂಬ ದಪ್ಪ ಹುಡುಗನಿದ್ದಾನೆ. ನಿಂತಲ್ಲಿ ಕುಳಿತಲ್ಲಿ ನಿದ್ದೆ ಹೋಗುವ ಅವನನ್ನು ಕಂಡು ಓದುಗರು ನಕ್ಕರು. ಸುಮಾರು ನೂರಿಪ್ಪತ್ತು ವರ್ಷಗಳ ಮೇಲೆ, 1956ರಲ್ಲಿ, ಅಮೆರಿಕದ ವೈದ್ಯರು ಅತಿ ತೂಕ ಮತ್ತು ಅತಿ ತೂಕಡಿಕೆ ಕೂಡಿದ ಒಂದು ಕಾಯಿಲೆಗೆ ಪಿಕ್ವಿಕ್‌ನ ಹೆಸರನ್ನೇ ಇಟ್ಟರು. ಆದರೆ ಸ್ಲೀಪ್ ಅಪ್ನಿಯಾ ದಪ್ಪನೆಯವರಿಗಷ್ಟೇ ಬರುವ ಕಾಯಿಲೆ ಎಂದು ತಿಳಿಯಬಾರದು. ತೂಕ ಹೆಚ್ಚಿದ್ದರೆ ಅಪಾಯ ಹೆಚ್ಚು, ತೂಕ ಇಳಿಸಿದರೆ ಗುಣವೂ ಉಂಟು. ಆದರೆ ದವಡೆ ಚಿಕ್ಕದಿದ್ದು ಗಂಟಲ ದಾರಿ ಕಿರಿದಾಗಿರುವ ಸಣಕಲು ಮೈಯವರಲ್ಲೂ ಇದು ಇರುತ್ತದೆ. ನನ್ನನ್ನು ಬಲ್ಲವರಿಗೆ ನಾನು ಯಾವ ಗುಂಪಿನವನೆಂದು ಗೊತ್ತು.

ಪರೀಕ್ಷೆ ಸರಳ. ಒಂದು ರಾತ್ರಿ ಎದೆಗೆ ಪಟ್ಟಿ, ಮೂಗಿನ ಬಳಿ ಒಂದು ನಳಿಕೆ, ಬೆರಳಿಗೆ ಆಕ್ಸಿಮೀಟರು, ತಲೆಗೆ ಕೆಲವು ತಂತಿಗಳು. ಉಸಿರು ಹತ್ತು ಸೆಕೆಂಡಿಗಿಂತ ಹೆಚ್ಚು ನಿಂತರೆ ಒಂದು ಲೆಕ್ಕ. ಉಸಿರು ಬಹಳ ಕುಗ್ಗಿದರೂ ಒಂದು ಲೆಕ್ಕ. ಗಂಟೆಗೆ ಸರಾಸರಿ ಐದರ ಒಳಗಿದ್ದರೆ ಸಹಜ, 5ರಿಂದ 15 ಅಲ್ಪ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ನನಗೆ ಬಂದದ್ದು 38. ಎಸ್ಸೆಸ್ಸೆಲ್ಸಿಯಲ್ಲಿ ಪಾಸಾಗಲು 35 ಸಾಕಾಗಿತ್ತು, ಇಲ್ಲಿ ಅಷ್ಟು ಬಂದರೆ ಫೇಲು! ಆರು ಗಂಟೆಯ ನಿದ್ರೆಗೆ ಗುಣಿಸಿದರೆ 228 ಬಾರಿ. ಆಮ್ಲಜನಕ ಒಮ್ಮೆ 72ಕ್ಕೆ ಇಳಿದಿತ್ತು. ಆ ಸಂಖ್ಯೆಯ ಅರ್ಥವನ್ನು 2020–21ರ ಕೋವಿಡ್ ದಿನಗಳನ್ನು ಕಂಡ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆಗ 94ಕ್ಕಿಂತ ಕೆಳಗಿಳಿದರೆ ಊರೆಲ್ಲ ಓಡಾಡುತ್ತಿದ್ದೆವು.

ಚಿಕಿತ್ಸೆಯೂ ತತ್ತ್ವದಲ್ಲಿ ಸರಳವೇ. ಚಪ್ಪಟೆಯಾಗುವ ಪೈಪಿನೊಳಗೆ ಸ್ವಲ್ಪ ಒತ್ತಡ ಇಟ್ಟರೆ ಅದು ತೆರೆದೇ ಇರುತ್ತದೆ. ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ ಮತ್ತು ಅವರ ಸಂಗಡಿಗರು ಐವರು ರೋಗಿಗಳ ಮೇಲೆ ಇದನ್ನು ಪ್ರಯೋಗಿಸಿ 1981ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಆರಂಭದ ಯಂತ್ರಗಳಿಗೆ ಕಸ ಹೀರುವ ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು ಬಳಸಿದ್ದರು. ಮಾಸ್ಕನ್ನು ಪ್ರತಿ ರಾತ್ರಿ ಮೂಗಿಗೆ ಅಂಟಿನಿಂದ ಅಂಟಿಸಬೇಕಾಗಿತ್ತಂತೆ. ಅದಕ್ಕೂ ಮೊದಲು ತೀವ್ರ ರೋಗಿಗಳಿಗೆ ಇದ್ದ ಖಚಿತ ಉಪಾಯವೆಂದರೆ ಕುತ್ತಿಗೆಯಲ್ಲಿ ರಂಧ್ರ ಕೊರೆದು ಉಸಿರಿಗೆ ದಾರಿ ಮಾಡುವುದು. ಈಗಿನ ಮಾಸ್ಕಿಗೆ ನಾಚುವವರು ಇದನ್ನೂ ಒಮ್ಮೆ ಯೋಚಿಸಲಿ.

ನನ್ನ ಯಂತ್ರದ ಒತ್ತಡ 11 ಸೆಂಟಿಮೀಟರ್ ನೀರಿನಷ್ಟು. ಪ್ರಯೋಗಶಾಲೆಯಲ್ಲಿ ಯು ಆಕಾರದ ಗಾಜಿನ ನಳಿಕೆಯಲ್ಲಿ ಬಣ್ಣದ ನೀರು ಹಾಕಿ, ಒಂದು ಬಾಯಿಯಿಂದ ಊದಿ ಇನ್ನೊಂದು ಕಡೆ ನೀರು ಏರಿಸಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅದೇ ಅಳತೆ ಇದು. ವಾತಾವರಣದ ಒತ್ತಡ ಸುಮಾರು ಒಂದು ಸಾವಿರ ಸೆಂಟಿಮೀಟರ್ ನೀರನ್ನು ಎತ್ತಿ ಹಿಡಿಯುತ್ತದೆ. ಅದರ ನೂರನೇ ಒಂದು ಪಾಲಿನಷ್ಟು ಹೆಚ್ಚಿನ ಗಾಳಿ ಒಂದು ಜೀವವನ್ನು ರಾತ್ರಿಯಿಡೀ ಕಾಯುತ್ತದೆ ಎಂಬುದು ವಿಜ್ಞಾನದ ಮಾಸ್ತರನಾದ ನನಗೆ ಬಹಳ ಸೊಗಸಾಗಿ ಕಂಡ ಸಂಗತಿ.

ಆದರೆ ಸೊಗಸು ಕಾಗದದ ಮೇಲೆ. ಮೊದಲ ಮೂರು ವಾರ ನಿಜವಾದ ತಪಸ್ಸು. ಉಸಿರು ಹೊರಬಿಡುವಾಗ ಎದುರುಗಾಳಿಯಲ್ಲಿ ಸೈಕಲ್ ತುಳಿದಂತಾಗುತ್ತಿತ್ತು. ಮಾರಿದವನು ಅಳತೆ ನೋಡದೆ ದೊಡ್ಡ ಮಾಸ್ಕು ಕೊಟ್ಟಿದ್ದ. ಅಂಚಿನಿಂದ ಗಾಳಿ ಸೋರಿ ಕಣ್ಣಿಗೆ ಬಡಿಯುತ್ತಿತ್ತು. ಪಟ್ಟಿ ಬಿಗಿದರೆ ಮೂಗಿನ ಮೇಲೆ ಹುಣ್ಣು, ಸಡಿಲಿಸಿದರೆ ಸಿಳ್ಳು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ನಡುರಾತ್ರಿ ನನಗೇ ತಿಳಿಯದಂತೆ ಕಿತ್ತೊಗೆದಿರುತ್ತಿದ್ದೆ. ಮೊಮ್ಮಗ ಬಂದವನು, "ಅಜ್ಜಾ, ನೀವು ವಿಮಾನ ನಡಸ್ತೀರೇನ್ರಿ?" ಎಂದು ಕೇಳಿದ. ಹೌದೆಂದೆ. ಅಂದಿನಿಂದ ಮಾಸ್ಕು ಕಟ್ಟುವ ಕೆಲಸ ಅವನದು.

ದಾರಿ ಮಾಡಿಕೊಟ್ಟವು ಸಣ್ಣಸಣ್ಣ ಉಪಾಯಗಳು. ರಾತ್ರಿ ಮಾತ್ರವಲ್ಲದೆ ಸಂಜೆ ಪತ್ರಿಕೆ ಓದುವಾಗಲೂ ಅರ್ಧ ಗಂಟೆ ಮಾಸ್ಕು ಹಾಕಿಕೊಂಡು ಕೂತೆ. ಎಚ್ಚರದಲ್ಲಿ ಒಗ್ಗದ್ದು ನಿದ್ರೆಯಲ್ಲಿ ಒಗ್ಗುವುದಿಲ್ಲ. ಒತ್ತಡ ನಾಲ್ಕರಿಂದ ಆರಂಭವಾಗಿ ನಿಧಾನ ಏರುವಂತೆ ಯಂತ್ರದಲ್ಲಿ ವ್ಯವಸ್ಥೆ ಇದೆ, ಅದನ್ನು ಹಾಕಿಸಿಕೊಂಡೆ. ಮೂಗಿಗಷ್ಟೇ ಕೂರುವ ಸಣ್ಣ ಮಾಸ್ಕು ಬದಲಿಸಿದೆ. ತೇವಕ್ಕಾಗಿ ಡಬ್ಬಿಗೆ ಡಿಸ್ಟಿಲ್ಡ್ ವಾಟರನ್ನೇ ಹಾಕುತ್ತೇನೆ. ನಮ್ಮ ಬೋರಿನ ನೀರು ಹಾಕಿದರೆ ವಾರದಲ್ಲಿ ಬಿಳಿ ಪದರ ಕಟ್ಟುತ್ತದೆ. ನೆಲ್ಲಿನ ಸುಗ್ಗಿಯಲ್ಲಿ ಹೊಟ್ಟಿನ ಧೂಳು, ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು. ಆದ್ದರಿಂದ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ನೋಡಬೇಕು. ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ. ನೀರು ಕಾಯಿಸುವ ತಟ್ಟೆ ಆರಿಸಿಟ್ಟರೆ ಅದಕ್ಕೆ ಒಂದು ಬಲ್ಬಿನಷ್ಟು ವಿದ್ಯುತ್ತು ಸಾಕು, ಮನೆಯ ಇನ್ವರ್ಟರಿನಲ್ಲಿಯೇ ರಾತ್ರಿ ಕಳೆಯುತ್ತದೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ರೂಢಿಯನ್ನು ಬಿಡಲಾಗಲಿಲ್ಲ. ಉದ್ದನೆಯ ವೈರೊಂದನ್ನು ಮೇಲಕ್ಕೆ ಎಳೆಸಿದ್ದೇನೆ. ನಾಲ್ಕನೆಯ ವಾರದಲ್ಲಿ ಒಂದು ಬೆಳಗ್ಗೆ ತಲೆಭಾರವಿಲ್ಲದೆ ಎದ್ದೆ. ಅಂದು ನಮ್ಮ ಮನೆಯವರು ಏಳು ಗಂಟೆಯಾದರೂ ಮಲಗಿಯೇ ಇದ್ದರು. ಎಬ್ಬಿಸಲಿಲ್ಲ. ಚಹಾ ನಾನೇ ಮಾಡಿದೆ.

ಪಕ್ಕಕ್ಕೆ ಹೊರಳಿ ಮಲಗುವುದೂ ಹಲವರಿಗೆ ನೆರವಾಗುತ್ತದೆ, ಅಂಗಾತ ಮಲಗಿದಾಗ ನಾಲಿಗೆ ಹಿಂದಕ್ಕೆ ಜರಿಯುವುದು ಹೆಚ್ಚು. ಕಲಬುರಗಿಯಿಂದ ಮರಳುವಾಗ ಬಸ್ಸು ಶಹಾಪುರದ ಬಳಿ ಬಂದಾಗ ಬೆಟ್ಟದ ಮಲಗಿದ ಬುದ್ಧನನ್ನು ನೋಡಿದೆ. ಶಿಲ್ಪಗಳಲ್ಲಿ ಪರಿನಿರ್ವಾಣದ ಬುದ್ಧ ಬಲಮಗ್ಗುಲಿಗೆ ಮಲಗಿರುತ್ತಾನೆ. ನಮ್ಮ ಬೆಟ್ಟದ ಬುದ್ಧ ಮಾತ್ರ ಆಕಾಶಕ್ಕೆ ಮುಖ ಮಾಡಿ ಅಂಗಾತ. ಅವನಿಗೆ ಯಾವ ವೈದ್ಯರೂ ಹೇಳುವ ಹಾಗಿಲ್ಲ.

ಯಂತ್ರದ ಗುಣವನ್ನು ಉಬ್ಬಿಸಿ ಹೇಳುವುದು ನನಗೆ ಇಷ್ಟವಿಲ್ಲ. ಹೃದಯಾಘಾತ, ಪಾರ್ಶ್ವವಾಯು ಎಲ್ಲವೂ ಇದರಿಂದ ತಪ್ಪುತ್ತದೆ ಎಂದು ಮಾರುವವರು ಹೇಳುತ್ತಾರೆ. 2016ರಲ್ಲಿ ಪ್ರಕಟವಾದ 'ಸೇವ್' ಎಂಬ ದೊಡ್ಡ ಅಧ್ಯಯನದಲ್ಲಿ ಭಾರತವೂ ಸೇರಿದಂತೆ ಏಳು ದೇಶಗಳ 2,700ಕ್ಕೂ ಹೆಚ್ಚು ಜನರಿದ್ದರು, ಎಲ್ಲರೂ ಮೊದಲೇ ಹೃದಯ ಅಥವಾ ಮೆದುಳಿನ ರಕ್ತನಾಳದ ಕಾಯಿಲೆ ಇದ್ದವರು. ಅವರಲ್ಲಿ ಯಂತ್ರ ಬಳಸಿದವರಿಗೆ ಅಂಥ ಆಘಾತಗಳು ಕಡಿಮೆಯಾದದ್ದು ಕಂಡುಬರಲಿಲ್ಲ. ಹಗಲಿನ ತೂಕಡಿಕೆ ಕಡಿಮೆಯಾಯಿತು, ಮನಸ್ಸು ಹಗುರಾಯಿತು, ಬದುಕು ಸುಧಾರಿಸಿತು. ಆದರೆ ಅವರು ಯಂತ್ರ ಬಳಸಿದ್ದು ರಾತ್ರಿಗೆ ಸರಾಸರಿ ಮೂರು ಗಂಟೆ ಚಿಲ್ಲರೆ ಮಾತ್ರ. ಅರ್ಧ ರಾತ್ರಿಯ ಔಷಧಕ್ಕೆ ಪೂರ್ತಿ ರಾತ್ರಿಯ ಫಲ ಕೇಳುವುದು ಹೇಗೆ ಎಂಬ ಪ್ರಶ್ನೆ ಉಳಿದೇ ಇದೆ. ನನ್ನ ಮಟ್ಟಿಗೆ, ಹಗಲಿನ ಎಚ್ಚರ ಮರಳಿದ್ದೇ ಸಾಕಷ್ಟು ದೊಡ್ಡ ಫಲ. ಲಾರಿಯ ಸ್ಟೀರಿಂಗ್ ಹಿಡಿದವರಿಗಂತೂ ಅದಕ್ಕಿಂತ ದೊಡ್ಡದು ಬೇರಾವುದಿದೆ? ಬೀದರ–ಶ್ರೀರಂಗಪಟ್ಟಣ ಹೆದ್ದಾರಿಯಲ್ಲಿ ನಸುಕಿನ ನಾಲ್ಕಕ್ಕೆ ಎದುರಿನಿಂದ ಬರುವ ಬಸ್ಸಿನಲ್ಲಿ ನಮ್ಮವರೇ ಇರುತ್ತಾರೆ. ನಾಚಿಕೆ ಎಂಬುದು ಮಲಗುವ ಕೋಣೆಯೊಳಗಿನ ಮಾತು, ತೂಕಡಿಕೆ ಹಾಗಲ್ಲ. ತಿಂಥಣಿ ಮೌನೇಶ್ವರನ ಜಾತ್ರೆಗೆ ಹೋದಾಗ ಬೀಗರ ಮನೆಯಲ್ಲಿ ಹತ್ತು ಜನರ ನಡುವೆ ನಾನು ಮಾಸ್ಕು ಹಾಕಿಕೊಂಡು ಮಲಗಿದ್ದೇನೆ. ಅರ್ಧ ತಾಸು ನೋಡಿದರು, ನಕ್ಕರು, ಆಮೇಲೆ ಮಲಗಿದರು. ಗೊರಕೆಯಿಲ್ಲದ್ದರಿಂದ ಚೆನ್ನಾಗಿಯೇ ಮಲಗಿದರು.

ಹೆಸರಾಂತರಲ್ಲಿ ಈ ಕಾಯಿಲೆ ಒಮ್ಮೆ ಸುದ್ದಿಯಾದದ್ದುಂಟು. 'ಆಫ್ರಿಕಾದಲ್ಲಿ ಶೀಲಾ' ಚಿತ್ರಕ್ಕೆ ಸಂಗೀತ ನೀಡಿ ಕನ್ನಡಿಗರಿಗೂ ಪರಿಚಿತರಾಗಿದ್ದ ಬಪ್ಪಿ ಲಾಹಿರಿ 2022ರ ಫೆಬ್ರವರಿ 15ರಂದು ಮುಂಬೈಯಲ್ಲಿ ತೀರಿಕೊಂಡಾಗ, ವೈದ್ಯರು ಕಾರಣವಾಗಿ ಹೇಳಿದ್ದು ಇದನ್ನೇ. ಎರಡು ದಿನ ಪತ್ರಿಕೆಗಳು ಬರೆದವು, ಮರೆತವು.

ಹಣದ ಮಾತಿಗೆ ಬರುತ್ತೇನೆ. ಯಂತ್ರ, ಮಾಸ್ಕು ಸೇರಿ ನನಗೆ 42,000 ರೂಪಾಯಿ ಆಯಿತು. ಪಿಂಚಣಿದಾರನಾದ ನಾನೇ ಎರಡು ಸಲ ಯೋಚಿಸಿದೆ. ಕೂಲಿ ಮಾಡುವವನು, ಟ್ರ್ಯಾಕ್ಟರ್ ಹೊಡೆಯುವವನು ಏನು ಮಾಡಬೇಕು? ಯಾದಗಿರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಮನೆಯಲ್ಲಿಯೇ ಕಟ್ಟಿಕೊಂಡು ಮಲಗಬಹುದಾದ ಪರೀಕ್ಷೆಯ ಪೆಟ್ಟಿಗೆಗಳನ್ನು ಜಿಲ್ಲಾ ಮಟ್ಟದಲ್ಲಿ ಇಟ್ಟು, ಯಂತ್ರವನ್ನು ಒಂದು ತಿಂಗಳ ಮಟ್ಟಿಗೆ ಎರವಲು ಕೊಡುವ ವ್ಯವಸ್ಥೆ ಆಗಬೇಕೆಂಬುದು ನನ್ನ ಅಭಿಪ್ರಾಯ. ಗ್ರಂಥಾಲಯದ ಪುಸ್ತಕದಂತೆ ಒಯ್ಯಲಿ, ಒಗ್ಗಿದರೆ ಕೊಳ್ಳಲಿ, ಒಗ್ಗದಿದ್ದರೆ ಮರಳಿಸಲಿ. ಅಟ್ಟದ ಮೇಲೆ ಧೂಳು ತಿನ್ನುವ ಯಂತ್ರಗಳ ಸಂಖ್ಯೆಯಾದರೂ ಇಳಿದೀತು.

ಈಗ ಶಿಕ್ಷಕರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಪ್ರತ್ಯೇಕವಾಗಿ ಒಂದು ಮಾತು. ಇದು ಮುದುಕರ ಕಾಯಿಲೆ ಮಾತ್ರವಲ್ಲ. ಟಾನ್ಸಿಲ್, ಅಡಿನಾಯ್ಡ್ ಊದಿಕೊಂಡ ಮಕ್ಕಳಲ್ಲೂ ರಾತ್ರಿ ಉಸಿರು ಕಟ್ಟುತ್ತದೆ. ಸದಾ ಬಾಯಿ ತೆರೆದು ಉಸಿರಾಡುವ, ಪಾಠದಲ್ಲಿ ಮನಸ್ಸು ನಿಲ್ಲದ, ಕೆಲವೊಮ್ಮೆ ತೂಕಡಿಸುವುದರ ಬದಲು ಚಡಪಡಿಸುವ ಹುಡುಗನ ತಾಯಿಯನ್ನು ಕರೆದು, ರಾತ್ರಿ ಗೊರಕೆ ಹೊಡೆಯುತ್ತಾನೆಯೇ ಎಂದು ಕೇಳಿರಿ. ಇಂಥ ಬಹಳಷ್ಟು ಮಕ್ಕಳಿಗೆ ಯಂತ್ರವೂ ಬೇಕಾಗುವುದಿಲ್ಲ, ಕಿವಿ-ಮೂಗು-ಗಂಟಲಿನ ವೈದ್ಯರ ಒಂದು ಶಸ್ತ್ರಚಿಕಿತ್ಸೆಯಲ್ಲಿ ಗುಣವಾಗುತ್ತದೆ.

ದೊಡ್ಡವರಿಗೆ ಎಪ್ವರ್ತ್ ಪ್ರಶ್ನಾವಳಿ ಎಂಬುದೊಂದಿದೆ. ಮೆಲ್ಬರ್ನ್‌ನ ಮರ್ರೆ ಜಾನ್ಸ್ 1991ರಲ್ಲಿ ರೂಪಿಸಿದ್ದು. ಓದುತ್ತ ಕುಳಿತಾಗ, ಟಿವಿ ನೋಡುವಾಗ, ಯಾರೊಂದಿಗೋ ಮಾತಾಡುವಾಗ ನಿದ್ದೆ ಬರುವ ಸಂಭವವೆಷ್ಟು ಎಂಬಂಥ ಎಂಟು ಪ್ರಶ್ನೆ, ಪ್ರತಿಯೊಂದಕ್ಕೆ ಸೊನ್ನೆಯಿಂದ ಮೂರು ಅಂಕ. ಮೊತ್ತ ಹತ್ತು ದಾಟಿದರೆ ವೈದ್ಯರನ್ನು ಕಾಣಬೇಕು. ಉತ್ತರಗಳನ್ನು ನೀವೊಬ್ಬರೇ ಬರೆಯಬೇಡಿರಿ, ಪಕ್ಕದಲ್ಲಿ ಮಲಗುವವರನ್ನೂ ಕೇಳಿ ಬರೆಯಿರಿ. ಯಂತ್ರವನ್ನು ಕೊಳ್ಳುವ ಮೊದಲು ಕಣ್ಣಾರೆ ನೋಡಬೇಕೆನ್ನುವವರು ದೇವಾಪುರಕ್ಕೆ ಬರಬಹುದು. ಭಾನುವಾರ ಬೆಳಗ್ಗೆ ಬಂದರೆ ಒಳ್ಳೆಯದು, ನಳಿಕೆ ತೊಳೆದು ನೆರಳಿಗೆ ಹಾಕಿರುತ್ತೇನೆ, ಬಿಡಿಸಿ ತೋರಿಸಲು ಅನುಕೂಲ.