ನಾಗವಲ್ಲಿಗೆ ಗೊಂಬೆ, ರಾಜನಿಗೆ ಶಿಳ್ಳೆ

ಮೊನ್ನೆ ಹಾಸ್ಟೆಲಿನ ಟೀವಿಯಲ್ಲಿ ಮತ್ತೆ 'ಆಪ್ತಮಿತ್ರ' ಹಾಕಿದ್ದರು. ಎಷ್ಟನೇ ಸಲವೋ ಲೆಕ್ಕ ಇಟ್ಟವರಿಲ್ಲ. 2004ರಲ್ಲಿ ಬಂದ ಪಿಕ್ಚರು. ನಿರ್ದೇಶನ ಪಿ. ವಾಸು, ನಿರ್ಮಾಣ ದ್ವಾರಕೀಶ್. ರಾಜ ಬಂದು 'ಹೌಲ ಹೌಲ' ಅಂದಾಗ ನಾವೂ ಶಿಳ್ಳೆ ಹೊಡೆದೆವು. ಸುಳ್ಳು ಯಾಕೆ ಹೇಳೋಣ? ಆಗ ಪಾತ್ರೆ ತೊಳೆದು ಬಂದು ಬಾಗಿಲಿಗೆ ಒರಗಿ ನಿಂತಿದ್ದ ಅಡುಗೆ ಅಮ್ಮ ಒಂದು ಮಾತು ಕೇಳಿದರು: "ಅಲ್ಲ ಕಣ್ರಪ್ಪಾ, ಆ ಹೆಣ್ಣಿನ ಕಡೆಯೋರು ಯಾರೂ ಬರ್ಲಿಲ್ವಾ?"

ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಪಿಕ್ಚರಿನ ಹತ್ತಿರವೂ ಇಲ್ಲ. ಅದಕ್ಕೇ ಈ ಬರಹ.

ಅಷ್ಟುದ್ದದ ಪಿಕ್ಚರಿನಲ್ಲಿ ನಾಗವಲ್ಲಿಯ ಕಥೆ ಎಷ್ಟು? ಆಂಧ್ರದ ಕಡೆಯ ನರ್ತಕಿ. ವಿಜಯ ರಾಜೇಂದ್ರ ಬಹದ್ದೂರ್ ಅನ್ನೋ ರಾಜ ಕಂಡ, ಆಸೆಪಟ್ಟ, ತಂದು ಅರಮನೆಯಲ್ಲಿ ಇಟ್ಟುಕೊಂಡ. ಅವಳ ಮನಸ್ಸು ರಾಮನಾಥ ಎಂಬ ನರ್ತಕನ ಮೇಲೆ. ರಾಜನಿಗೆ ಗೊತ್ತಾಯಿತು. ರಾಮನಾಥನ ತಲೆ ಹೋಯಿತು. ನಾಗವಲ್ಲಿ ಜೀವಂತ ಸುಟ್ಟುಹೋದಳು. ಮುಗೀತು. ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಹೇಳಿ ಮುಗಿಸಬಹುದು. ಮಿಕ್ಕಿದ್ದೆಲ್ಲ ಬೀಗ ಹಾಕಿದ ಕೋಣೆ, ಗೆಜ್ಜೆ ಸದ್ದು, ಹಾವು, ಹೆದರಿ ಓಡೋರ ತಮಾಷೆ, ನಾಯಕನ ಚಾತುರ್ಯ.

ಅವಳ ತಾಯಿ ಯಾರು? ಕುಣಿತ ಕಲಿಸಿದವರು ಯಾರು? ರಾಜ ಅವಳನ್ನು ಕೇಳಿ ತಂದನೋ, ಕೊಂಡು ತಂದನೋ, ಹೊತ್ತು ತಂದನೋ? ಅವಳು ಒಲ್ಲೆ ಅಂದಾಗ ಅರಮನೆಯ ಒಳಗೆ ಯಾರಾದರೂ ಬಾಯಿ ಬಿಟ್ಟರೋ? ಒಂದು ಹೆಣ್ಣನ್ನು ಸುಡೋದು ಒಬ್ಬನ ಕೈಯ ಕೆಲಸವಲ್ಲ. ರಾಜ ತಾನೇ ಸೌದೆ ಹೊತ್ತನೇ? ತಾನೇ ಎಣ್ಣೆ ಸುರಿದನೇ? ಮಾರನೇ ದಿನ ಬೂದಿ ಬಳಿದವರು ಯಾರು? ಬೂದಿ ಬಳಿಯೋ ಕೆಲಸ ಯಾರ ಪಾಲಿಗೆ ಬರುತ್ತಿತ್ತು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಸೌದೆ ಹೊತ್ತವರು ನಮ್ಮ ತಾತಂದಿರೇ ಇರಬಹುದು. ಪಿಕ್ಚರು ಅವರನ್ನೂ ತೋರಿಸೋದಿಲ್ಲ.

'ಕಥೆ ಸ್ವಲ್ಪ ಹಸಿಯಾಗಿದೆ' ಅಂತ ವಿಮರ್ಶಕರು ಬರೆದು ಕೈತೊಳೆದುಕೊಳ್ಳಬಹುದು. ನಾವು ಹೇಳೋದು ಬೇರೆ. ಇದು ಕೈತಪ್ಪಿ ಹಸಿಯಾದದ್ದಲ್ಲ. ಕಥೆ ಪೂರಾ ಬೆಂದಿದ್ದರೆ ರಾಜ ಸಿಕ್ಕಿಬೀಳುತ್ತಿದ್ದ.

ಈ ಕಥೆ ನಮ್ಮಲ್ಲಿ ಹುಟ್ಟಿದ್ದಲ್ಲ. 1993ರಲ್ಲಿ ಮಲಯಾಳಂನಲ್ಲಿ ಫಾಜಿಲ್ ತೆಗೆದ 'ಮಣಿಚಿತ್ರತ್ತಾಳ್' ಇದರ ಮೂಲ. ಅಲ್ಲಿ ನಾಗವಲ್ಲಿ ತಂಜಾವೂರಿನಿಂದ ತಂದ ತಮಿಳು ನರ್ತಕಿ. ಆ ಪಾತ್ರಕ್ಕೆ ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂತು. ಕನ್ನಡಕ್ಕೆ ಬಂದಾಗ ಅವಳು ತೆಲುಗಿನವಳಾದಳು. 2005ರ ತಮಿಳು 'ಚಂದ್ರಮುಖಿ'ಯಲ್ಲೂ ತೆಲುಗಿನವಳೇ. 2007ರ ಹಿಂದಿ 'ಭೂಲ್ ಭುಲಯ್ಯಾ'ದಲ್ಲಿ ಬಂಗಾಳದ ಮಂಜುಲಿಕಾ. ನೋಡಿ ಹೇಗಿದೆ! ಎಲ್ಲರ ಮನೆಯ ದೆವ್ವವೂ ಬೇರೆ ಸೀಮೆಯವಳು. ಅವಳು ಬಾಯಿ ಬಿಟ್ಟರೆ ಮನೆಯವರದಲ್ಲದ ಭಾಷೆ. ಅವಳ ಕಡೆಯಿಂದ ಸಾಕ್ಷಿ ಹೇಳೋಕೆ ಊರಲ್ಲಿ ಒಬ್ಬರೂ ಇಲ್ಲ. ರಾಜ ಮಾತ್ರ ಎಲ್ಲ ಕಡೆಯೂ ಊರಿನವನೇ.

ಇನ್ನೂ ಒಂದು. ನಮ್ಮ ಪಿಕ್ಚರಿನಲ್ಲಿ ಕಾಪಾಡುವ ಡಾಕ್ಟರಿಗೂ ಸುಡಿಸಿದ ರಾಜನಿಗೂ ಒಂದೇ ಮುಖ. ಇಬ್ಬರೂ ವಿಷ್ಣುವರ್ಧನ್. ಆ ಕಲಾವಿದನ ಮೇಲೆ ನಮಗೆ ಸಿಟ್ಟಿಲ್ಲ. 2009ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ನಮ್ಮ ಕೇರಿಯಲ್ಲೂ ಅತ್ತವರಿದ್ದರು. ಆದರೆ ಕೊಲೆಗಾರನಿಗೆ ನಾಯಕನ ಮುಖ ಕೊಟ್ಟರೆ ಶಿಳ್ಳೆ ಯಾರಿಗೆ ಬೀಳುತ್ತೆ? ನಮಗೇ ಗೊತ್ತಾಗದ ಹಾಗೆ ನಾವು ಸುಟ್ಟವನಿಗೆ ಕೈತಟ್ಟಿದೆವು. ಸುಟ್ಟುಹೋದವಳನ್ನು ಕಂಡು ಹೆದರಿದೆವು. ಸೌಂದರ್ಯ ಪಿಕ್ಚರು ಬಿಡುಗಡೆಯಾಗುವ ಮೊದಲೇ, 2004ರ ಏಪ್ರಿಲಿನಲ್ಲಿ, ವಿಮಾನ ದುರಂತದಲ್ಲಿ ಹೋದರು. ನಾಗವಲ್ಲಿಯ ಪರವಾಗಿ ಇಡೀ ಪಿಕ್ಚರಿನಲ್ಲಿ ಯಾರಾದರೂ ಮಾತಾಡಿದ್ದರೆ ಅದು ಆಕೆಯ ಕಣ್ಣುಗಳು ಮಾತ್ರ.

ನಾವು ದೆವ್ವ ಭೂತ ನಂಬೋರಲ್ಲ. ಆದರೂ ನಮ್ಮ ಹಟ್ಟಿಗಳಲ್ಲಿ ಯಾರ ಮೈಮೇಲಾದರೂ ಗಾಳಿ ಬಂತು ಅಂದರೆ ಹಿರಿಯರು ಮೊದಲು ಕೇಳೋದು ಇಷ್ಟು: ಯಾರವ್ವಾ ನೀನು? ಯಾರ ಮನೆಯೋಳು? ಹೆಂಗೆ ಸತ್ತೆ? ಅಕ್ಷರ ಬಾರದವರಿಗೆ ಇರುವ ಈ ಮರ್ಯಾದೆ ಪಿಕ್ಚರಿನ ಡಾಕ್ಟರಿಗೂ ಇಲ್ಲ, ಆಚಾರ್ಯರಿಗೂ ಇಲ್ಲ. ಒಬ್ಬರು ಕಾಯಿಲೆ ಅನ್ನುತ್ತಾರೆ, ಒಬ್ಬರು ಪ್ರೇತ ಅನ್ನುತ್ತಾರೆ. ವಿಜ್ಞಾನ ಒಂದು ಕಡೆ, ಮಂತ್ರ ಒಂದು ಕಡೆ. ಕೊನೆಗೆ ಇಬ್ಬರೂ ಒಪ್ಪೋದು ಒಂದೇ ಉಪಾಯಕ್ಕೆ. ರಾಜನನ್ನು ಕೊಡುತ್ತೇವೆ ಅಂತ ನಂಬಿಸಿ, ಕಣ್ಣು ತಪ್ಪಿಸಿ, ಅವಳ ಮುಂದೆ ಒಂದು ಗೊಂಬೆ ಇಡೋದು. ಗೊಂಬೆ ನಾಶ ಮಾಡಿ ಅವಳು ಹೋದಳು. ಮನೆ ಶಾಂತವಾಯಿತು. ನ್ಯಾಯ ಕೇಳಿ ಬಂದವಳಿಗೆ ಸಿಕ್ಕಿದ್ದು ಗೊಂಬೆ.

ಈ ಗೊಂಬೆಯ ಆಟ ನಮಗೆ ಹೊಸದಲ್ಲ. ಈ ಪಿಕ್ಚರು ಬರೋದಕ್ಕೆ ನಾಲ್ಕು ವರ್ಷ ಮೊದಲು, 2000ದ ಮಾರ್ಚ್ 11ರಂದು, ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟುಹೋದದ್ದು ನಿಜ, ಸುಟ್ಟವರು ಮಾತ್ರ ಯಾರೂ ಇಲ್ಲ! ಅಲ್ಲಿಯೂ ಕಥೆ ಹಸಿಯಾಗಿಯೇ ಉಳಿಯಿತು. ಆ ಏಳು ಜನ ಯಾರ ಬಂಗಲೆಯಲ್ಲೂ ಗೆಜ್ಜೆ ಕಟ್ಟಿ ಕುಣಿಯಲಿಲ್ಲ, ಯಾರನ್ನೂ ಹೆದರಿಸಲಿಲ್ಲ. ಅದಕ್ಕೇ ಇರಬೇಕು, ಅವರ ಮೇಲೆ ಪಿಕ್ಚರು ಮಾಡಲು ಯಾರಿಗೂ ಆತುರವಿಲ್ಲ.

2010ರಲ್ಲಿ ಮುಂದಿನ ಭಾಗ 'ಆಪ್ತರಕ್ಷಕ' ಬಂತು. ಅದರಲ್ಲಿ ನಾಗವಲ್ಲಿಯ ಚಿತ್ರಪಟ ಹೊಕ್ಕ ಮನೆಗೆಲ್ಲ ಕೇಡು. ಸುಟ್ಟುಹೋದವಳೇ ಮೈಲಿಗೆ! ಆದರೆ ಅದೇ ಪಿಕ್ಚರು ತನಗೆ ಅರಿವಿಲ್ಲದೆ ಒಂದು ಸತ್ಯ ಹೇಳಿಬಿಟ್ಟಿತು. ನೂರು ವರ್ಷ ದಾಟಿದರೂ ರಾಜ ಸತ್ತಿಲ್ಲ. ಅಡಗಿಕೊಂಡು ಬದುಕಿದ್ದಾನೆ. ಇದನ್ನು ತಿಳಿಯೋಕೆ ನಮಗೆ ಪಿಕ್ಚರು ಬೇಕಿರಲಿಲ್ಲ.

ಗೆಳೆಯರೇ, ಪಿಕ್ಚರು ನೋಡಬೇಡಿ ಅಂತ ನಾವು ಹೇಳೋದಿಲ್ಲ. ನೋಡಿ. ಹೆದರೋದಾದರೆ ಗೆಜ್ಜೆಗೆ ಹೆದರಬೇಡಿ, ಸೌದೆಗೆ ಹೆದರಿ. ದೆವ್ವ ಬಂದ ಕೂಡಲೇ ಕಣ್ಣು ಮುಚ್ಚಬೇಡಿ, ಯಾರವ್ವಾ ನೀನು ಅಂತ ಕೇಳಿ. ಪೆನ್ನು ಹಿಡಿಯೋರು ಅವರು ಬಿಟ್ಟ ಕಥೆಯನ್ನು ಬರೆಯಿರಿ. ತಾಯಿಯಿಂದ ಶುರುಮಾಡಿ ಬೂದಿ ಬಳಿದವರ ತನಕ.

ಅಡುಗೆ ಅಮ್ಮನಿಗೆ ಅವತ್ತು ಉತ್ತರ ಕೊಡಲಿಲ್ಲ. ಇವತ್ತು ಕೊಡುತ್ತೇವೆ: ಬಂದಿದ್ದೀವಿ ಕಣಮ್ಮಾ. ತಡವಾಗಿ ಬಂದಿದ್ದೀವಿ, ಶಿಳ್ಳೆ ಹೊಡೆದು ಬಂದಿದ್ದೀವಿ. ಆದರೂ ಆ ಹೆಣ್ಣಿನ ಕಡೆಯೋರು ನಾವೇ.