ಪೆಟ್ರೋಲ್ ಟ್ಯಾಂಕಿಗೆ ಸುರಿಯೋ ಬಾಟಲಿ: ಎಂಜಿನ್ ನಿಜಕ್ಕೂ ಕ್ಲೀನ್ ಆಗುತ್ತಾ?

ಜಮಖಂಡಿ: ಬಾಗಲಕೋಟೆ ಜಿಲ್ಲೆಯ ಯಾವ ತಾಲ್ಲೂಕು ಕೇಂದ್ರದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರೂ ಎಂಜಿನ್ ಆಯಿಲ್ ಡಬ್ಬಿಗಳ ಪಕ್ಕದಲ್ಲಿ ಬೆರಳುದ್ದದಿಂದ ಗೇಣುದ್ದದ ತನಕ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಇಂಜೆಕ್ಟರ್ ಕ್ಲೀನರ್, ಫ್ಯೂಯೆಲ್ ಸಿಸ್ಟಮ್ ಕ್ಲೀನರ್, ಪೆಟ್ರೋಲ್ ಅಡಿಟಿವ್ ಅಂತ ಹೆಸರು ಹಲವು. ಭರವಸೆ ಮಾತ್ರ ಒಂದೇ: ಟ್ಯಾಂಕಿಗೆ ಸುರೀರಿ, ಎಂಜಿನ್ ಕ್ಲೀನ್ ಆಗ್ತೈತಿ, ಮೈಲೇಜ್ ಬರ್ತೈತಿ. ಬೈಕಿನದ್ದು ನೂರು ರೂಪಾಯಿ ಆಸುಪಾಸು, ಕಾರಿನದ್ದು ಮುನ್ನೂರರಿಂದ ಆರುನೂರು.

ಬಾಟಲಿ ಹೊಸದೇನಲ್ಲ. ಹೊಸದಾಗಿರೋದು ಕೊಳ್ಳೋರ ಹೆದರಿಕೆ. ಶೇ 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲ್ ಅನ್ನು ಪ್ರಧಾನಿ ಮೋದಿ 2023ರ ಫೆಬ್ರುವರಿ 6ರಂದು ಬೆಂಗಳೂರಲ್ಲೇ ಬಿಡುಗಡೆ ಮಾಡಿದರು. ಮೊದಲು 2030ಕ್ಕೆ ಅಂತಿದ್ದ ಗುರಿಯನ್ನು ಹಿಂದಕ್ಕೆ ಎಳೆದು, 2025ಕ್ಕೇ ಮುಟ್ಟಿದ್ದಾಯಿತು. ಇವತ್ತು ಬಂಕಿನಲ್ಲಿ ಸಾಮಾನ್ಯ ಪೆಟ್ರೋಲ್ ಅಂತ ಹಾಕಿಸಿಕೊಂಡರೆ ಬರೋದು ಅದೇ. ಅದರ ವಿರುದ್ಧ ಹಾಕಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಅಲ್ಲಿಗೆ ಬೇರೆ ಪೆಟ್ರೋಲ್ ಸಿಗೋ ಆಸೆ ಮುಗೀತು. ಹಳೇ ಗಾಡಿ ಇರೋರು ಈಗ ಬಾಟಲಿ ಕಡೆ ನೋಡ್ತಿದ್ದಾರೆ.

ಇದು ಕಬ್ಬಿನ ಸೀಮೆ ಆಗಿರೋದರಿಂದ ಲೆಕ್ಕ ಇನ್ನೂ ವಿಚಿತ್ರ. ಮುಧೋಳ, ಜಮಖಂಡಿ ಕಡೆಯ ಕಬ್ಬು ಕಾರ್ಖಾನೆಗೆ ಹೋಗುತ್ತೆ, ಅದರ ಒಂದು ಪಾಲು ಎಥೆನಾಲ್ ಆಗಿ, ಪೆಟ್ರೋಲ್ ಜೊತೆ ಸೇರಿ, ತಿರುಗಿ ರೈತನ ಬೈಕಿಗೇ ಬರುತ್ತೆ. 2025ರ ನವೆಂಬರ್‌ನಲ್ಲಿ ಪಕ್ಕದ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ಕೂತ ರೈತರಿಗೆ ಕೊನೆಗೆ ಸಿಕ್ಕಿದ್ದು 3,300ರ ತೀರ್ಮಾನ. ಅಂದ್ರೆ ಕ್ವಿಂಟಲಿಗೆ 330. ನಾನೂರು ರೂಪಾಯಿಯ ಒಂದು ಬಾಟಲಿ ಅಂದ್ರೆ ಒಂದು ಕ್ವಿಂಟಲ್ ಕಬ್ಬಿಗಿಂತ ಜಾಸ್ತಿ. ಕಬ್ಬಿನಿಂದ ಬಂದ ಎಥೆನಾಲಿಗೆ ಹೆದರಿ, ಕಬ್ಬು ಮಾರಿದ ದುಡ್ಡಿನಲ್ಲೇ ಔಷಧಿ ಕೊಳ್ಳೋ ಪರಿಸ್ಥಿತಿ. ಹಾಗಾಗಿ ಆ ಔಷಧಿ ಯಾವ ರೋಗಕ್ಕೆ ಅನ್ನೋದು ಗೊತ್ತಿರಬೇಕು.

ಮೊದಲು ಬಾಟಲಿಯ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡೋಣ. ಇದು ಪೂರ್ತಿ ಮೋಸ ಅಲ್ಲ. ಎಂಜಿನ್ ಬಂದ್ ಮಾಡಿದ ಮೇಲೂ ಇಂಜೆಕ್ಟರ್ ತುದಿ ಸುಡ್ತಾ ಇರುತ್ತೆ. ಅಲ್ಲಿ ಉಳಿದ ಹನಿ ಪೆಟ್ರೋಲ್ ಆವಿಯಾಗಿ, ಭಾರದ ಅಂಶ ಮಾತ್ರ ಅಂಟಿನ ಹಾಗೆ ಉಳಿಯುತ್ತೆ. ದಿನಕ್ಕೆ ಹತ್ತು ಸಲ ಮನೆಯಿಂದ ಪ್ಯಾಟಿಗೆ, ಪ್ಯಾಟಿಯಿಂದ ಮನೆಗೆ ಅಂತ ಎರಡೆರಡು ಕಿಲೋಮೀಟರ್ ಓಡೋ ಗಾಡಿಯಲ್ಲಿ ಈ ಅಂಟು ಬೇಗ ಕೂರುತ್ತೆ. ಇಂಜೆಕ್ಟರಿನ ತೂತುಗಳು ಕೂದಲೆಳೆಯ ಲೆಕ್ಕದವು. ಸ್ವಲ್ಪ ಕಟ್ಟಿದರೂ ಪೆಟ್ರೋಲ್ ಸರಿಯಾಗಿ ಚಿಮ್ಮದೆ ಹನಿಹನಿಯಾಗಿ ಬೀಳುತ್ತೆ. ಆಗ ಪಿಕಪ್ ಕಮ್ಮಿ, ನಿಂತಲ್ಲಿ ಎಂಜಿನ್ ನಡುಗೋದು, ಬೆಳಗ್ಗೆ ಸ್ಟಾರ್ಟ್ ಆಗೋಕೆ ತಕರಾರು.

ಈ ಅಂಟನ್ನು ಬಿಡಿಸೋ ರಾಸಾಯನಿಕ ಇದೆ. ಕೆಲಸ ಸಾಬೂನಿನ ಹಾಗೇ: ಅಣುವಿನ ಒಂದು ತುದಿ ಕೊಳೆಗೆ ಅಂಟುತ್ತೆ, ಇನ್ನೊಂದು ತುದಿ ಪೆಟ್ರೋಲಿನಲ್ಲಿ ಕರಗಿ ಅದನ್ನು ಎಳೆದುಕೊಂಡು ಹೋಗುತ್ತೆ. ಮುಖ್ಯವಾದವು ಎರಡು. ಪಿಐಬಿ ಅಮೈನ್ ಅನ್ನೋದು ಅಗ್ಗ, ಇನ್‌ಟೇಕ್ ವಾಲ್ವ್ ಮೇಲೆ ಕೊಳೆ ಕೂರದ ಹಾಗೆ ನೋಡಿಕೊಳ್ಳುತ್ತೆ. ಆದರೆ ಒಳಗಿನ ದಹನ ಕೋಣೆಯ ಬಿಸಿಗೆ ತಾನೇ ಪೂರ್ತಿ ಸುಡದೆ ಒಂದಷ್ಟು ಮಸಿ ಬಿಡುತ್ತೆ. ಎರಡನೇದು ಪಾಲಿಈಥರ್ ಅಮೈನ್, ಅಂಗಡಿ ಭಾಷೆಯಲ್ಲಿ ಪಿಇಎ. ಇದು ದುಬಾರಿ, ಆದರೆ ಆ ಬಿಸಿಯನ್ನು ತಡೆದುಕೊಂಡು, ಆಗಲೇ ಗಟ್ಟಿಯಾಗಿ ಕೂತ ಕೊಳೆಯನ್ನೂ ಬಿಡಿಸುತ್ತೆ. ಒಳ್ಳೆ ಬಾಟಲಿ ಅಂದ್ರೆ ಇದು ಸಾಕಷ್ಟು ಪ್ರಮಾಣದಲ್ಲಿ ಇರೋ ಬಾಟಲಿ. ಬಣ್ಣ ಹಾಕಿದ ಸೀಮೆಎಣ್ಣೆ ತರಹದ ದ್ರಾವಕಕ್ಕೆ ಪಿಇಎ ತೋರಿಸಿಕೊಳ್ಳೋಕೆ ಒಂದು ಹನಿ ಸೇರಿಸಿದ್ದರೆ ಅದರಿಂದ ಏನೂ ಆಗಲ್ಲ. ಪ್ರಮಾಣ ಎಷ್ಟು ಅಂತ ಲೇಬಲ್ ಮೇಲೆ ಬರೆಯೋ ಕಂಪನಿ ಕಮ್ಮಿ.

ಡಿಟರ್ಜೆಂಟಿಗೆ ಶಕ್ತಿ ಇದೆ ಅನ್ನೋದಕ್ಕೆ ಪರೀಕ್ಷೆಯ ಸಾಕ್ಷಿ ಅಮೆರಿಕದ್ದು. ಅಲ್ಲಿನ ಎಎಎ ಅನ್ನೋ ವಾಹನ ಮಾಲೀಕರ ಸಂಘ 2016ರಲ್ಲಿ ಬೇರೆ ಬೇರೆ ಬಂಕಿನ ಪೆಟ್ರೋಲನ್ನು ಲ್ಯಾಬ್ ಎಂಜಿನ್‌ನಲ್ಲಿ ಓಡಿಸಿ ನೋಡಿತು. ಕಡಿಮೆ ಡಿಟರ್ಜೆಂಟ್ ಇದ್ದ ಪೆಟ್ರೋಲ್, 4,000 ಮೈಲಿಗೆ ಸಮನಾದ ಓಟದಲ್ಲಿ, ಚೆನ್ನಾಗಿ ಡಿಟರ್ಜೆಂಟ್ ಹಾಕಿದ ಪೆಟ್ರೋಲಿಗಿಂತ ಸರಾಸರಿ 19 ಪಟ್ಟು ಹೆಚ್ಚು ಕೊಳೆ ಕಟ್ಟಿತ್ತು. ಅದು ಪೆಟ್ರೋಲಿಗೂ ಪೆಟ್ರೋಲಿಗೂ ಮಾಡಿದ ಹೋಲಿಕೆ, ಬಾಟಲಿಯ ಪರೀಕ್ಷೆ ಅಲ್ಲ. ಆದರೂ ರಸಾಯನಶಾಸ್ತ್ರ ಅದೇ.

ಹಾಗಾದ್ರೆ ತಕರಾರು ಎಲ್ಲಿ? ಜನ ಕೊಳ್ಳೋ ಕಾರಣದಲ್ಲಿ.

ಹೆಚ್ಚಿನವರು ಬಾಟಲಿ ಕೇಳೋದು ಇ20 ಬಂದ ಮೇಲೆ ಮೈಲೇಜ್ ಬಿತ್ತು ಅಂತ. ಮೈಲೇಜ್ ಬಿದ್ದಿದ್ದು ಸುಳ್ಳಲ್ಲ. ಒಂದು ಲೀಟರ್ ಎಥೆನಾಲಿನಲ್ಲಿ ಇರೋ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಐದರಲ್ಲಿ ಒಂದು ಪಾಲು ಅದೇ ಆದಾಗ ಒಟ್ಟು ಶಕ್ತಿ ಶೇ 6–7ರಷ್ಟು ಇಳಿಯುತ್ತೆ. ನೀತಿ ಆಯೋಗದ 2021ರ ವರದಿಯೇ ಹಳೇ ವಿನ್ಯಾಸದ ಕಾರುಗಳಿಗೆ ಶೇ 6–7, ದ್ವಿಚಕ್ರ ವಾಹನಗಳಿಗೆ ಶೇ 3–4 ಮೈಲೇಜ್ ನಷ್ಟ ಅಂತ ಅಂದಾಜು ಮಾಡಿತ್ತು. ಹದಿನೈದು ಕೊಡ್ತಿದ್ದ ಕಾರು ಹದಿನಾಲ್ಕಕ್ಕೆ ಬಂತು ಅಂದ್ರೆ ಎಂಜಿನ್ ಕೊಳಕಾಯ್ತು ಅಂತಲ್ಲ, ಟ್ಯಾಂಕಿನಲ್ಲಿರೋ ಇಂಧನದಲ್ಲೇ ಅಷ್ಟು ಶಕ್ತಿ ಇಲ್ಲ. ಇಲ್ಲದ ಶಕ್ತಿಯನ್ನು ಯಾವ ಬಾಟಲಿಯೂ ಹುಟ್ಟಿಸಲ್ಲ.

ಎರಡನೇ ಹೆದರಿಕೆ ರಬ್ಬರ್ ಪೈಪು, ಸೀಲುಗಳದ್ದು. 2023ರ ಏಪ್ರಿಲ್ ನಂತರ ತಯಾರಾದ ಗಾಡಿಗಳಲ್ಲಿ ಇ20 ತಡೆಯೋ ಸಾಮಗ್ರಿ ಇರುತ್ತೆ. ಅದಕ್ಕಿಂತ ಹಳೇವಕ್ಕೆ 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಅಂತ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಒಪ್ಪಿಕೊಂಡಿದೆ. ಡಿಟರ್ಜೆಂಟ್ ತೊಳೆಯೋ ವಸ್ತು, ಉಬ್ಬಿದ ರಬ್ಬರನ್ನು ಅದು ಸರಿ ಮಾಡಲ್ಲ. ಕೆಲವು ಬಾಟಲಿಗಳಲ್ಲಿ ತುಕ್ಕು ತಡೆಯೋ ಅಂಶ ಇರುತ್ತೆ, ಅದು ಬೇರೆ ಮಾತು. ಆದರೂ ಬಾಟಲಿಗೆ ಕೊಡೋ ದುಡ್ಡಿಗೆ ಹಳೇ ಬೈಕಿನ ಪೆಟ್ರೋಲ್ ಪೈಪು ಹೊಸದೇ ಬರುತ್ತೆ ಅನ್ನೋದು ಮೆಕ್ಯಾನಿಕ್‌ಗಳಿಗೆ ಗೊತ್ತು.

ಮೂರನೇದು ನೀರು. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತೆ, ಮಿತಿ ಮೀರಿದರೆ ನೀರು-ಎಥೆನಾಲ್ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಇದಕ್ಕೆ ಅಂತಲೇ ‘ನೀರು ತೆಗೆಯೋ’ ಬಾಟಲಿ ಮಾರ್ತಾರೆ. ಅದರೊಳಗೆ ಸಾಮಾನ್ಯವಾಗಿ ಇರೋದೇನು? ಐಸೊಪ್ರೊಪೈಲ್‌ನಂಥ ಇನ್ನೊಂದು ಆಲ್ಕೋಹಾಲು. 35 ಲೀಟರಿನ ಟ್ಯಾಂಕ್ ತುಂಬಿದರೆ ಅದರಲ್ಲಿ 7 ಲೀಟರ್ ಆಲ್ಕೋಹಾಲ್ ಆಗಲೇ ಇದೆ. ಮೇಲೆ 300 ಮಿಲಿ ಸುರಿದು ಆಗೋದೇನು, ಯಾರು ಬೇಕಾದರೂ ಲೆಕ್ಕ ಹಾಕಬಹುದು. ತಳದಲ್ಲಿ ನೀರು ನಿಂತಿದ್ದರೆ ಟ್ಯಾಂಕ್ ಖಾಲಿ ಮಾಡಿಸೋದೊಂದೇ ದಾರಿ.

ವಾಟ್ಸಾಪಿನಲ್ಲಿ ಓಡಾಡೋ ವಿಡಿಯೋ ಬಗ್ಗೆಯೂ ಒಂದು ಮಾತು. ಬಾಟಲಿಯಲ್ಲಿ ಪೆಟ್ರೋಲಿಗೆ ನೀರು ಹಾಕಿ ಅಲ್ಲಾಡಿಸ್ತಾರೆ, ತಳದ ನೀರು ಹಾಕಿದ್ದಕ್ಕಿಂತ ಜಾಸ್ತಿ ಕಾಣುತ್ತೆ, ‘ನೋಡ್ರಿ ಬಂಕಿನವ ನೀರು ಬೆರೆಸ್ಯಾನ’ ಅಂತಾರೆ. ಅಲ್ಲಿ ಹೆಚ್ಚಾಗಿದ್ದು ಪೆಟ್ರೋಲಿನಿಂದ ನೀರಿಗೆ ಇಳಿದ ಎಥೆನಾಲ್. ಅದರಿಂದ ಕಲಬೆರಕೆ ಸಾಬೀತಾಗಲ್ಲ.

ಬಾಟಲಿ ಮುಟ್ಟದ ಜಾಗ

ಪೆಟ್ರೋಲ್ ಹರಿಯೋ ದಾರಿಯಲ್ಲಿ ಮಾತ್ರ ಪೆಟ್ರೋಲಿನಲ್ಲಿ ಬೆರೆತ ಕ್ಲೀನರ್ ಕೆಲಸ ಮಾಡೋಕೆ ಸಾಧ್ಯ. ‘ಪೂರ್ತಿ ಎಂಜಿನ್ ಕ್ಲೀನ್’ ಅನ್ನೋ ಜಾಹೀರಾತು ಎಡವೋದು ಇಲ್ಲೇ. ಮಾಮೂಲಿ ಪೆಟ್ರೋಲ್ ಕಾರುಗಳಲ್ಲಿ ಇಂಜೆಕ್ಟರ್ ಇನ್‌ಟೇಕ್ ವಾಲ್ವಿನ ಹಿಂದೆ ಪೆಟ್ರೋಲ್ ಚಿಮ್ಮಿಸುತ್ತೆ, ಹಾಗಾಗಿ ವಾಲ್ವ್ ತೊಳೆದುಕೊಳ್ಳುತ್ತೆ. ಆದರೆ ಹೊಸ ಟರ್ಬೊ ಕಾರುಗಳಲ್ಲಿ ಹಲವು, ಉದಾಹರಣೆಗೆ ಹುಂಡೈನ ಟಿ-ಜಿಡಿಐ, ಸ್ಕೋಡಾ-ಫೋಕ್ಸ್‌ವ್ಯಾಗನ್‌ನ ಟಿಎಸ್‌ಐ, ನೇರವಾಗಿ ಸಿಲಿಂಡರ್ ಒಳಗೇ ಪೆಟ್ರೋಲ್ ಚಿಮ್ಮಿಸುತ್ತವೆ. ಅಲ್ಲಿ ವಾಲ್ವಿನ ಹಿಂಭಾಗಕ್ಕೆ ಪೆಟ್ರೋಲ್ ತಾಗೋದೇ ಇಲ್ಲ. ಎಷ್ಟು ಬಾಟಲಿ ಸುರಿದರೂ ಆ ಮಸಿ ಅಲ್ಲೇ. ಇಂಜೆಕ್ಟರ್ ತುದಿಗೆ ಮಾತ್ರ ಉಪಯೋಗ ಆದೀತು. ಥ್ರಾಟಲ್ ಬಾಡಿಯೂ ಹಾಗೇ, ಅಲ್ಲಿ ಹೋಗೋದು ಗಾಳಿ. ಕಬ್ಬಿನ ಸೀಜನ್‌ನಲ್ಲಿ ಟ್ರ್ಯಾಕ್ಟರ್ ಹಿಂದೆ ಧೂಳು ಕುಡೀತಾ ಹೋಗೋ ಗಾಡಿಗೆ ಮೊದಲು ಬೇಕಾದ್ದು ಹೊಸ ಏರ್ ಫಿಲ್ಟರ್.

ಕಾರ್ಬೊರೇಟರ್ ಇರೋ ಹಳೇ ಬೈಕಿನವರು ಸ್ವಲ್ಪ ಹುಷಾರಾಗಿರಬೇಕು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬರೋ ತನಕ ಹಳ್ಳಿ ದಾರಿಯ ಬೈಕುಗಳಲ್ಲಿ ಹೆಚ್ಚಿನವು ಕಾರ್ಬೊರೇಟರಿನವೇ. ವರ್ಷಗಟ್ಟಲೆ ಟ್ಯಾಂಕಿನಲ್ಲಿ ತುಕ್ಕು, ಗಸಿ ಕೂತಿರುತ್ತೆ. ಎಥೆನಾಲ್ ತಾನೇ ಒಂದು ಒಳ್ಳೆ ದ್ರಾವಕ, ಅದು ಆಗಲೇ ಆ ಗಸಿಯನ್ನು ಅಲುಗಾಡಿಸಿರುತ್ತೆ. ಮೇಲೆ ಗಟ್ಟಿ ಕ್ಲೀನರ್ ಸುರಿದರೆ ಎಲ್ಲ ಒಟ್ಟಿಗೆ ಎದ್ದು ಬಂದು ಜೆಟ್‌ನಲ್ಲಿ ಸಿಕ್ಕಿಕೊಂಡು, ಗಾಡಿ ನಡುದಾರಿಯಲ್ಲಿ ನಿಂತರೆ ಆಶ್ಚರ್ಯ ಇಲ್ಲ. ಅಂಥ ಬೈಕಿಗೆ ಟ್ಯಾಂಕ್ ತೊಳೆಸಿ, ಕಾರ್ಬೊರೇಟರ್ ಬಿಚ್ಚಿ ಕ್ಲೀನ್ ಮಾಡಿಸೋದೇ ಸರಿ.

ಹಾಗಾದ್ರೆ ಪ್ರೀಮಿಯಂ ಪೆಟ್ರೋಲ್? ಎಕ್ಸ್‌ಪಿ95, ಸ್ಪೀಡ್, ಪವರ್ ಅಂತ ಸಿಗೋದರಲ್ಲಿ ಕ್ಲೀನಿಂಗ್ ಅಡಿಟಿವ್ ಬೆರೆಸಿಯೇ ಬರುತ್ತೆ ಅನ್ನೋದು ಕಂಪನಿಗಳ ಮಾತು. ದರ ಲೀಟರಿಗೆ ಏಳೆಂಟು ರೂಪಾಯಿಯೋ ಅದಕ್ಕಿಂತಲೋ ಹೆಚ್ಚು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡೋ, ಹದಿನಾರು ಮೈಲೇಜಿನ ಕಾರಿಗೆ 62 ಲೀಟರ್ ಬೇಕು. ಎಂಟು ರೂಪಾಯಿ ಲೆಕ್ಕದಲ್ಲಿ ತಿಂಗಳಿಗೆ 500, ವರ್ಷಕ್ಕೆ 6,000. ಒಳ್ಳೆ ಪಿಇಎ ಬಾಟಲಿಯನ್ನು ವರ್ಷಕ್ಕೆ ಎರಡು ಸಲ ಹಾಕಿದರೂ ಸಾವಿರದ ಆಸುಪಾಸು. ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಿಂದ ಶೇ 29.84 ಇದ್ದು, ಅದು ಶೇಕಡಾವಾರು ಆಗಿರೋದರಿಂದ ಪ್ರೀಮಿಯಂನ ಹೆಚ್ಚುವರಿ ದರದಲ್ಲಿ ತೆರಿಗೆಯೂ ಸೇರಿಕೊಂಡಿರುತ್ತೆ. ಇನ್ನು ಆಕ್ಟೇನ್ ಹೆಚ್ಚು ಅನ್ನೋ ಆಕರ್ಷಣೆ. ಇ20 ಪೆಟ್ರೋಲಿನ ಆಕ್ಟೇನ್ ಸಂಖ್ಯೆಯೂ 95ಕ್ಕೆ ಏರಿದೆ ಅಂತ ಸರಕಾರವೇ ಹೇಳಿರುವಾಗ, ಮಾಮೂಲಿ ಕಾರಿನವರು ಅದಕ್ಕಾಗಿ ದುಡ್ಡು ಕೊಡೋದು ದಂಡ.

ಅಮೆರಿಕದ ಪರೀಕ್ಷೆಯಲ್ಲಿ ಇನ್ನೊಂದು ಅಂಕಿ ಇತ್ತು. ಹೆಚ್ಚು ಡಿಟರ್ಜೆಂಟ್ ಇದ್ದ ಪೆಟ್ರೋಲಿಗೂ ಕಡಿಮೆ ಇದ್ದ ಪೆಟ್ರೋಲಿಗೂ ಅಲ್ಲಿ ದರದ ವ್ಯತ್ಯಾಸ ಗ್ಯಾಲನ್ನಿಗೆ ಬರೀ ಮೂರು ಸೆಂಟ್. ರೂಪಾಯಿ ಲೆಕ್ಕದಲ್ಲಿ ಲೀಟರಿಗೆ ಒಂದು ರೂಪಾಯಿಯೂ ಆಗಲ್ಲ. ಅಲ್ಲಿ 1995ರಿಂದಲೇ ಎಲ್ಲ ಪೆಟ್ರೋಲಿನಲ್ಲೂ ಕನಿಷ್ಠ ಪ್ರಮಾಣದ ಡಿಟರ್ಜೆಂಟ್ ಇರಲೇಬೇಕು ಅಂತ ಕಾನೂನು ಇದೆ. ಅದು ಸಾಲದು ಅಂತ 2004ರಲ್ಲಿ ಬಿಎಂಡಬ್ಲ್ಯು, ಜನರಲ್ ಮೋಟರ್ಸ್, ಹೋಂಡಾ, ಟೊಯೊಟಾ ಸೇರಿ ಅದಕ್ಕಿಂತ ಬಿಗಿಯಾದ ‘ಟಾಪ್ ಟಿಯರ್’ ಮಾನದಂಡ ತಂದರು. ಯಾವ ಕಂಪನಿಯ ಪೆಟ್ರೋಲ್ ಅದಕ್ಕೆ ಪಾಸು ಅಂತ ಗ್ರಾಹಕ ನೋಡಿ ತಿಳಿಯಬಹುದು. ಇಲ್ಲಿನ ಬಂಕಿನ ಬೋರ್ಡಿನಲ್ಲಿ ದರ ಇರುತ್ತೆ, ಡೆನ್ಸಿಟಿ ಇರುತ್ತೆ. ಸಾಮಾನ್ಯ ಪೆಟ್ರೋಲಿನಲ್ಲಿ ಡಿಟರ್ಜೆಂಟ್ ಎಷ್ಟಿದೆ ಅಂತ ಒಂದು ಸಾಲು ಇರಲ್ಲ. ಲೀಟರಿಗೆ ಪೈಸೆ ಲೆಕ್ಕದಲ್ಲಿ ಡಿಪೋದಲ್ಲೇ ಮುಗಿಯಬೇಕಾದ ಕೆಲಸ ಇಲ್ಲಿ ನಾನೂರು ರೂಪಾಯಿಯ ಬಾಟಲಿಯಾಗಿ ಗ್ರಾಹಕನ ಜೇಬಿಗೆ ಬಂದು ಬೀಳ್ತಿದೆ. ಪ್ರಶ್ನೆ ಕೇಳಬೇಕಾದ್ದು ತೈಲ ಕಂಪನಿಗಳನ್ನ. ಬಾಟಲಿ ಮಾರೋ ಅಂಗಡಿಯವ ಅದನ್ನು ತಯಾರು ಮಾಡಿದವನೂ ಅಲ್ಲ.

ಆದರೂ ಅಂಗಡಿಯವರಿಗೆ ಒಂದು ಜವಾಬ್ದಾರಿ ಇದೆ. ತಯಾರಕರ ಹೆಸರು-ವಿಳಾಸ, ಎಂಆರ್‌ಪಿ, ತಯಾರಿಕೆಯ ತಿಂಗಳು-ವರ್ಷ ಇಲ್ಲದ ಬಾಟಲಿ ಇಟ್ಟುಕೊಂಡರೆ ತೂಕ ಮತ್ತು ಅಳತೆ ಇಲಾಖೆಯವರು ಬಂದಾಗ ಸಿಕ್ಕಿಕೊಳ್ಳೋದು ಅವರೇ. ‘ಇ20 ಪರಿಹಾರ’ ಅಂತ ದೊಡ್ಡಕ್ಷರದಲ್ಲಿ ಬರೆದು, ಒಳಗೇನಿದೆ ಅಂತ ಎಲ್ಲೂ ಬರೆಯದ ಸರಕು ವಾಪಸ್ ಕಳಿಸಿದರೆ ನಷ್ಟ ಇಲ್ಲ. ಗ್ರಾಹಕನೂ ಕೇಳಬೇಕಾದ ಪ್ರಶ್ನೆ ಇದೊಂದೇ: ಇದರಲ್ಲಿ ಪಿಇಎ ಐತೇನ್ರಿ? ಇಂಜೆಕ್ಟರ್ ಇರೋ ಗಾಡಿ, ಐವತ್ತು ಸಾವಿರ ಕಿಲೋಮೀಟರ್ ದಾಟಿದೆ, ಪ್ಯಾಟಿ ಓಡಾಟವೇ ಜಾಸ್ತಿ, ನಿಂತಲ್ಲಿ ನಡುಗ್ತಿದೆ ಅಂದ್ರೆ ಅಂಥ ಒಂದು ಬಾಟಲಿ ಫುಲ್ ಟ್ಯಾಂಕಿಗೆ ಹಾಕಿ, ಒಂದು ಉದ್ದದ ದಾರಿ ಓಡಿಸಿ ನೋಡೋದರಲ್ಲಿ ತಪ್ಪಿಲ್ಲ. ಎಲ್ಲ ಸರಿ ಇರೋ ಹೊಸ ಗಾಡಿಗೆ ಪ್ರತಿ ಸರ್ವಿಸ್ ಬಿಲ್ಲಿನಲ್ಲೂ ‘ಫ್ಯೂಯೆಲ್ ಅಡಿಟಿವ್’ ಅಂತ ಸೇರಿಸಿದ್ದರೆ, ಬೇಡ ಅಂತ ಹೇಳಿ ತೆಗೆಸಬಹುದು.

ಇನ್ನು ಪೆಟ್ರೋಲೇ ಸರಿ ಇಲ್ಲ ಅನ್ನೋ ಅನುಮಾನ ಇದ್ದರೆ ಬಾಟಲಿ ಅದಕ್ಕೆ ಮದ್ದಲ್ಲ. ಯಾವ ಬಂಕಿನಲ್ಲಾದರೂ ಫಿಲ್ಟರ್ ಪೇಪರ್ ಕೇಳಿ ಒಂದು ಹನಿ ಬಿಟ್ಟು, ಆರಿದ ಮೇಲೆ ಕಲೆ ಉಳಿಯುತ್ತಾ ಅಂತ ನೋಡಬಹುದು. ರಿಜಿಸ್ಟರಿನ ಡೆನ್ಸಿಟಿ ತೋರಿಸಿ ಅನ್ನಬಹುದು, ಐದು ಲೀಟರಿನ ಮುದ್ರೆ ಹಾಕಿದ ಅಳತೆ ಪಾತ್ರೆಯಲ್ಲಿ ಹಾಕಿ ತೋರಿಸಿ ಅನ್ನಬಹುದು. ಇದಕ್ಕೆ ಬಂಕಿನವರು ದುಡ್ಡು ಕೇಳೋ ಹಾಗಿಲ್ಲ, ಆಗಲ್ಲ ಅನ್ನೋ ಹಾಗೂ ಇಲ್ಲ.